ಪರವೂರಿನಾಗ ಸೀಟಿ ಹೊಡಿಯೋದು

ತಮ್ಮೂರಿನ ಮೈದಾನದಲ್ಲಿ ನಿಂತು ತಮ್ಮ ತಂಡಕ್ಕೇ ಸೀಟಿ ಹೊಡೆಯುವವರನ್ನು ನಾನು ಬೆಂಬಲಿಗರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರಲ್ಲೇನು ದೊಡ್ಡಸ್ತಿಕೆ? ಹಿಂದೆ ಅಣ್ಣತಮ್ಮಂದಿರು ನಿಂತಿರುತ್ತಾರೆ, ಮಗ್ಗಲಲ್ಲಿ ಚಹಾದಂಗಡಿಯವ ಉದ್ರಿ ಕೊಡುತ್ತಾನೆ, ಸೋತರೆ ಮುಖ ಮುಚ್ಚಿಕೊಂಡು ಮಲಗಲು ಮನೆ ನಾಲ್ಕು ಹೆಜ್ಜೆ. ಎದೆಗಾರಿಕೆ ಬೇಕಾಗುವುದು ನಮ್ಮ ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯವನೊಬ್ಬ ಗಂಗಾವತಿ ಸೀಮೆಯ ಹಳ್ಳಿಯ ಕಬಡ್ಡಿಗೆ ಹೋಗಿ, ಸುತ್ತಲೂ ಅವರದೇ ಮಂದಿ ಇರುವಾಗ, ಟ್ಯೂಬ್‌ಲೈಟಿನ ಬೆಳಕಲ್ಲಿ ‘ಹೋಗಲೇ ತಮ್ಮಾ, ಬೋನಸ್ ತಗೊಂಡು ಬಾ’ ಎಂದು ಒಬ್ಬನೇ ಕೂಗುವುದಕ್ಕೆ.

ಫುಟ್‌ಬಾಲ್ ಲೋಕದಲ್ಲಿ ಇಂಥವರಿಗೆ ಭಾರಿ ಮರ್ಯಾದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಪರವೂರಿನ ಬೆಂಬಲಿಗರಿಗೆಂದೇ 3,000 ಸೀಟು, ಮೈದಾನ ಸಣ್ಣದಾದರೆ ಹತ್ತರಲ್ಲೊಂದು ಪಾಲು, ತೆಗೆದಿಡಬೇಕು. ಅವರ ಟಿಕೆಟಿಗೆ 2016ರಿಂದೀಚೆ 30 ಪೌಂಡಿಗಿಂತ ಹೆಚ್ಚು ಕೇಳುವ ಹಾಗಿಲ್ಲ. ಯುರೋಪಿನ ಕಪ್‌ಗಳಲ್ಲಂತೂ ಪರರ ಮೈದಾನದಲ್ಲಿ ಹೊಡೆದ ಗೋಲಿಗೆ ತೂಕವೇ ಬೇರೆ ಇತ್ತು. ಎರಡು ಪಂದ್ಯ ಸೇರಿಸಿ ಸಮ ಆದರೆ, ಹೊರಗೆ ಹೋಗಿ ಹೆಚ್ಚು ಗೋಲು ಹೊಡೆದವರೇ ಗೆದ್ದಂತೆ. 1965ರಲ್ಲಿ ತಂದ ಆ ನಿಯಮವನ್ನು 2021ರಲ್ಲಿ ತೆಗೆದುಹಾಕಿದರು. ತೆಗೆದವರು ನಮ್ಮ ಕಡೆಯ ಕಬಡ್ಡಿ ನೋಡಿದ್ದರೆ ತೆಗೆಯುತ್ತಿರಲಿಲ್ಲ.

ಯಾಕೆ ಅನ್ನುತ್ತೀರಿ? ನಮ್ಮಲ್ಲಿ ಇನ್ನೂ ಬಹಳ ಕಡೆ ಕಬಡ್ಡಿ ಮಣ್ಣಿನ ಅಂಕಣದ ಮೇಲೆಯೇ ನಡೆಯುತ್ತದೆ. ಗೆರೆ ಸುಣ್ಣದ್ದು. ಸಂಜೆ ನೀರು ಚಿಮುಕಿಸಿ, ಹಗ್ಗ ಹಿಡಿದು ನೆಟ್ಟಗೆ ಎಳೆದಿರುತ್ತಾರೆ. ಹತ್ತು ರೇಡ್ ಆಗುವಷ್ಟರಲ್ಲಿ ಕಾಲುಗಳ ಒದ್ದಾಟಕ್ಕೆ ಮಧ್ಯದ ಗೆರೆ ಅರ್ಧ ಉಳಿದಿರುತ್ತದೆ, ಬೋನಸ್ ಗೆರೆ ಪೂರಾ ಮಾಯ. ಬೋನಸ್ ಪಾಯಿಂಟಿನ ನಿಯಮವೇನೋ ಖಡಕ್ಕಾಗಿದೆ: ಎದುರು ಆರಕ್ಕೆ ಕಡಿಮೆಯಿಲ್ಲದಂತೆ ಆಟಗಾರರಿರಬೇಕು, ಒಂದು ಕಾಲು ಗೆರೆಯಾಚೆ ಊರಿರಬೇಕು, ಇನ್ನೊಂದು ಗಾಳಿಯಲ್ಲಿರಬೇಕು. ಆದರೆ ಗೆರೆಯೇ ಇಲ್ಲದಿದ್ದಾಗ ಬೋನಸ್ ಅನ್ನುವುದು ದೇವರ ಮೇಲಿನ ನಂಬಿಕೆ. ಆಟ ನಡೆಯುವ ಊರಿನ ಮಂದಿಗೆ ಗೆರೆ ಕಾಣುತ್ತದೆ, ಬಂದವರಿಗೆ ಕಾಣುವುದಿಲ್ಲ. ನಡುವೆ ನಿಂತ ಅಂಪೈರ್ ಬೆಳಗಿನ ಚಹಾ ಯಾರ ಮನೆಯಲ್ಲಿ ಕುಡಿಯಬೇಕು ಎನ್ನುವುದನ್ನೂ ಯೋಚಿಸಬೇಕಲ್ಲ. ಇಂಥಲ್ಲಿ ಗಳಿಸಿದ ಒಂದು ಪಾಯಿಂಟಿಗೆ ಎರಡರ ಬೆಲೆ ಕೊಡಬೇಕು ಎಂದು ನನ್ನ ವಾದ.

ಇನ್ನು ಮೈಕ್. ಪರವೂರಿನ ಮೈದಾನದಲ್ಲಿ ನಮ್ಮ ನಿಜವಾದ ಎದುರಾಳಿ ಏಳು ಮಂದಿಯಲ್ಲ, ಮೈಕ್ ಹಿಡಿದ ಒಬ್ಬನೇ. ದಾನಿಗಳ ಹೆಸರು, ಕಳೆದುಹೋದ ಮಕ್ಕಳ ಅಂಗಿಯ ಬಣ್ಣ, ದಾರಿಗೆ ಅಡ್ಡ ನಿಲ್ಲಿಸಿದ ಬೈಕಿನ ನಂಬರು ಎಲ್ಲ ಮುಗಿದ ಮೇಲೆ ಅವನ ಕಣ್ಣು ಬಂದವರ ಮೇಲೆ ಬೀಳುತ್ತದೆ. ನೀರಾವರಿ ಸೀಮೆಯ ಗಂಗಾವತಿ ತಂಡ ಇಳಿದರೆ ‘ಎಡದಂಡಿ ಕಾಲುವಿ ಬಂತು, ದಾರಿ ಬಿಡ್ರಪಾ’ ಎನ್ನುತ್ತಾನೆ. ಸೋನಾ ಮಸೂರಿ ಉಂಡವರಿಗೆ ಅರ್ಧ ಆಟಕ್ಕೇ ಹಸಿವಾಗುತ್ತದೆಂದು ಸೇರಿಸುತ್ತಾನೆ. ಅದೇ ಗಂಗಾವತಿ ಕಡೆ ಹೋದರೆ ಕುಷ್ಟಗಿ, ಯಲಬುರ್ಗಾದವರ ಮಳೆಯಾಶ್ರಿತ ಹೊಲ ಮೈಕಿಗೆ ಸಿಗುತ್ತದೆ: ‘ಸಜ್ಜಿ ರೊಟ್ಟಿ ಕಾಲು ಗಟ್ಟಿ ಖರೇ, ಮೋಡ ನೋಡಿದ್ರ ಮಾತ್ರ ಓಡ್ತಾವ.’ ಕೊಪ್ಪಳದವರಿಗಂತೂ ಜಿಲ್ಲಾ ಕೇಂದ್ರದ ಶಾಪ ತಪ್ಪಿದ್ದಲ್ಲ. ಅವರ ರೇಡರ್ ಸಿಕ್ಕಿಬಿದ್ದರೆ ‘ಬಿಡಸ್ಕೊಳ್ಳಾಕ ಅರ್ಜಿ ಕೊಡ್ರಿ ಸಾಹೇಬ್ರ, ಮೂರು ಪ್ರತಿ’ ಎಂದು ಕೇಳುತ್ತದೆ.

ರೈಲಿನ ಹಂಗಿಸುವಿಕೆ ಇನ್ನೊಂದಿತ್ತು. ಗಂಗಾವತಿ 2019ರಲ್ಲಿ ರೈಲು ಕಂಡಿತು. ಆಮೇಲೆ ಆರು ವರ್ಷ ಕುಷ್ಟಗಿಯವರು ಎಲ್ಲಿಗೆ ಹೋದರೂ ‘ರೈಲು ಹೆಂಗಿರತೈತಿ ಅಂತ ತೋರಸ್ರೋ ಇವರಿಗೆ’ ಎಂದು ಕೇಳಿಸಿಕೊಂಡರು. 2025ರ ಮೇ ತಿಂಗಳಲ್ಲಿ ಯಲಬುರ್ಗಾ ಹಾದು ಕುಷ್ಟಗಿಗೂ ಹುಬ್ಬಳ್ಳಿಯ ರೈಲು ಬಂತು. ಎರಡು ತಾಲೂಕಿಗೆ ಅನುಕೂಲವಾಯಿತು ನಿಜ, ಮೈಕಿನವರಿಗೆ ಒಂದು ಒಳ್ಳೆಯ ಜೋಕು ನಷ್ಟವಾಯಿತು.

ಹಳಬರು ಹೇಳುವುದುಂಟು: 1997ಕ್ಕೆ ಮೊದಲು ಕೊಪ್ಪಳ ಸೀಮೆಯೆಲ್ಲ ರಾಯಚೂರು ಜಿಲ್ಲೆ. ಜಿಲ್ಲಾ ಮಟ್ಟದ ಆಟವೆಂದರೆ ರಾಯಚೂರಿಗೇ ಹೋಗಬೇಕು. ಅಲ್ಲಿ ಹೋದಾಗ ನಾಲ್ಕು ತಾಲೂಕಿನವರದು ಒಂದೇ ಬಾಯಿ, ಒಂದೇ ಬುತ್ತಿ. ಸ್ವಂತ ಜಿಲ್ಲೆ ಬಂತು, ಬಾಯಿ ನಾಲ್ಕಾಯಿತು. ಈಗ ಕಾರಟಗಿ, ಕನಕಗಿರಿ, ಕುಕನೂರು ತಾಲೂಕುಗಳೂ ಆಗಿ ಏಳಾಗಿದೆ. ನಿನ್ನೆಯವರೆಗೆ ಯಲಬುರ್ಗಾ ತಂಡದ ಹಿಂದೆ ಟ್ರ್ಯಾಕ್ಟರ್ ಹತ್ತಿದ ಕುಕನೂರಿನವ ಇವತ್ತು ಅಂಕಣದ ಆಚೆ ಬದಿಗೆ ನಿಂತು ಅದೇ ತಂಡವನ್ನು ಬೈಯುತ್ತಾನೆ. ಸರ್ಕಾರ ಒಂದು ಗೆಜೆಟ್ ಹೊರಡಿಸಿದರೆ ಹೀಗೆ ರಾತ್ರೋರಾತ್ರಿ ಪರವೂರಿನವರು ಹುಟ್ಟಿಕೊಳ್ಳುತ್ತಾರೆ.

ಬೆಂಗಳೂರಿಗೆ ಹೋದರೆ ಈ ಲೆಕ್ಕ ಇನ್ನೂ ಕಗ್ಗಂಟು. ನಮ್ಮ ಹುಡುಗರಲ್ಲಿ ಫುಟ್‌ಬಾಲ್ ಹುಚ್ಚು ಹತ್ತಿದವರು ಬೆಂಗಳೂರು ಎಫ್‌ಸಿ ಅನ್ನುತ್ತಾರೆ. ತಂಡ 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. ಯಜಮಾನರು ಜೆಎಸ್‌ಡಬ್ಲ್ಯು. ಅವರ ಉಕ್ಕಿನ ಕಾರ್ಖಾನೆ ನಮ್ಮ ಹೊಸಪೇಟೆ ದಾಟಿದರೆ ತೋರಣಗಲ್ಲಿನಲ್ಲಿದೆ. ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವನು ರಾತ್ರಿ ಕಿಟಕಿಯಲ್ಲಿ ಆ ಕಾರ್ಖಾನೆಯ ದೀಪ ನೋಡಿ, ‘ನಮ್ಮ ಧಣಿಗಳದು’ ಎಂದು ಮಗ್ಗಲಿನವನಿಗೆ ತೋರಿಸುತ್ತಾನೆ. ಮುನ್ನೂರೈವತ್ತು ಕಿಲೋಮೀಟರಿಗೂ ಮಿಕ್ಕಿ ಹೋಗಿ, ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿಯ ವೆಸ್ಟ್ ಬ್ಲಾಕ್ ಬ್ಲೂಸ್ ಗುಂಪಿನ ಸನಿಹ ಕೂತರೆ ಅವನು ‘ಮನೆಯ’ ಬೆಂಬಲಿಗ! ಎದುರಿಗೆ ಕೇರಳ ಬ್ಲಾಸ್ಟರ್ಸ್‌ನ ಹಳದಿ ಪಡೆ, ಮಂಜಪ್ಪಡ. ಅದರಲ್ಲಿ ಎಷ್ಟೋ ಮಂದಿ ಬೆಂಗಳೂರಿನಲ್ಲೇ ಕೆಲಸದಲ್ಲಿರುವವರು, ಆಟ ಮುಗಿದ ಅರ್ಧ ಗಂಟೆಗೆ ರೂಮಿನಲ್ಲಿ ಅನ್ನ ಉಣ್ಣುವವರು. ಅವರು ‘ಪರವೂರಿನ’ ಬೆಂಬಲಿಗರು! ಮನೆಯವನು ಬಸ್‌ಸ್ಟ್ಯಾಂಡಿನಲ್ಲಿ ಚೀಲ ತಲೆಗಿಟ್ಟು ಒರಗುತ್ತಾನೆ, ಪರವೂರಿನವ ಮನೆಯಲ್ಲಿ ಫ್ಯಾನ್ ಹಾಕಿ ಮಲಗುತ್ತಾನೆ.

2023ರ ಮಾರ್ಚ್ 3ರಂದು ಇದೇ ಎರಡು ತಂಡಗಳ ನಾಕೌಟ್ ಪಂದ್ಯ ಕಂಠೀರವದಲ್ಲಿತ್ತು. ಪೂರ್ಣ ಸಮಯ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿನ ಸುನಿಲ್ ಛೇತ್ರಿ, ಕೇರಳದವರು ಗೋಡೆ ಕಟ್ಟಿಕೊಳ್ಳುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿಬಿಟ್ಟರು. ರೆಫರಿ ಗೋಲು ಎಂದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಕರೆದುಕೊಂಡು ಹೊರಟುಹೋದರು. ಗೆಲುವು ಬೆಂಗಳೂರಿಗೆ ಬಂತು, ಕೇರಳ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯ ನಿಷೇಧ. ಟಿವಿಯಲ್ಲಿ ಅದನ್ನು ದೊಡ್ಡ ಅನಾಹುತ ಎಂಬಂತೆ ಚರ್ಚಿಸುತ್ತಿದ್ದರೆ ನಮ್ಮ ಹಳ್ಳಿಯ ಕಟ್ಟೆಯವರಿಗೆ ನಗು. ತೀರ್ಪು ಒಪ್ಪದ ತಂಡ ಅಂಗಿ ಹೆಗಲಿಗೆ ಹಾಕಿಕೊಂಡು ಟ್ರ್ಯಾಕ್ಟರ್ ಹತ್ತುವುದು ನಮ್ಮಲ್ಲಿ ಮಾಮೂಲಿ ಕಾರ್ಯಕ್ರಮ. ಆಟ ನಡೆದ ಊರಿನ ಹಿರಿಯರೊಬ್ಬರು ಹೋಗಿ ಟ್ರ್ಯಾಕ್ಟರಿನ ಕೀಲಿ ಕಿತ್ತು ಕಿಸೆಗೆ ಹಾಕಿಕೊಳ್ಳುತ್ತಾರೆ. ‘ಉಂಡು ಹೋಗ್ರಿ. ಸಿಟ್ಟು ಆಟದ ಮ್ಯಾಲಿರಲಿ, ಅನ್ನದ ಮ್ಯಾಲ ಬ್ಯಾಡ’ ಎನ್ನುತ್ತಾರೆ. ಸಾರು ಅನ್ನ ಉಂಡ ಮೇಲೆ ತಂಡ ಆಡಿದರೂ ಆಡೀತು. ದಂಡ ಅಂದರೆ ಎಂಟ್ರಿ ಫೀ ವಾಪಸ್ ಇಲ್ಲ, ಅಷ್ಟೇ.

ಹಾಗೆ ನೋಡಿದರೆ ಬೆಂಗಳೂರು ಬುಲ್ಸ್‌ನವರಿಗೆ ಪರವೂರಲ್ಲಿ ಆಡುವ ನಮ್ಮ ಕಷ್ಟ ಗೊತ್ತು. ಪ್ರೊ ಕಬಡ್ಡಿಯ 2017ರ ಸೀಸನ್ನಿನಲ್ಲಿ ಅವರು ‘ತವರಿನ’ ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ, ಮುಂದಿನ ವರ್ಷ ಪುಣೆಯಲ್ಲಿ. ಹೀಗೆ ಮನೆಯಿಲ್ಲದೆ ತಿರುಗಿದ ಆ ಸೀಸನ್ನಿನಲ್ಲೇ, 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಕಪ್ ಎತ್ತಿದರು. ಪವನ್ ಸೆಹ್ರಾವತ್ ಒಬ್ಬರದೇ 22 ಪಾಯಿಂಟು. ಬಾಡಿಗೆ ಮನೆಯಲ್ಲಿದ್ದೇ ಮಗನ ಮದುವೆ ಮುಗಿಸಿದರು ಅನ್ನಿ.

ಇಷ್ಟೆಲ್ಲ ಹೇಳಿದರೂ ನಮ್ಮ ಕಡೆಯ ಪಕ್ಕಾ ಪರವೂರಿನ ಬೆಂಬಲಿಗರ ಮಾತು ಬಂದೇ ಇಲ್ಲ. ಅವರು ಟ್ರ್ಯಾಕ್ಟರಿನಲ್ಲಿ ಬರುವುದಿಲ್ಲ, ಆಟ ನಡೆಯುವ ಊರಲ್ಲೇ ಇರುತ್ತಾರೆ. ಮಾಳಿಗೆ ಅಂಚಿಗೆ ಸಾಲಾಗಿ ಕೂತ ಹೆಂಗಸರನ್ನು ನೋಡಿ. ಆ ಊರಿನ ತಂಡ ಪಾಯಿಂಟ್ ಗಳಿಸಿದಾಗ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಬಂದ ತಂಡದವ ಇಬ್ಬರನ್ನು ಮುಟ್ಟಿ ತಪ್ಪಿಸಿಕೊಂಡು ಬಂದಾಗ ಸಾಲಿನಲ್ಲಿ ಒಬ್ಬಳು ಮಾತ್ರ ಸೆರಗು ಬಾಯಿಗಿಟ್ಟು ಕಿಸಕ್ಕನೆ ನಗುತ್ತಾಳೆ. ಅದು ಅವಳ ತವರಿನ ತಂಡ. ಯಾವ ಲೀಗಿನವರೂ ಅವಳಿಗೆ ಬೇರೆ ಸ್ಟ್ಯಾಂಡ್ ಕಟ್ಟಿಲ್ಲ. ಗಂಡ ಕೆಳಗೆ ಅಂಕಣದ ಅಂಚಿನಲ್ಲಿ ಆ ರೇಡರನ ವಂಶವನ್ನೇ ಬೈಯುತ್ತಿರುತ್ತಾನೆ. ಆ ವಂಶದಲ್ಲಿ ತನ್ನ ಹೆಂಡತಿಯೂ ಇದ್ದಾಳೆಂಬುದು ಅವನಿಗೆ ನೆನಪಾಗುವುದು ರಾತ್ರಿ ಊಟಕ್ಕೆ ಕೂತಾಗ, ರೊಟ್ಟಿ ಸ್ವಲ್ಪ ಹೆಚ್ಚೇ ಸಪ್ಪಳ ಮಾಡಿ ತಾಟಿಗೆ ಬಿದ್ದಾಗ.

ಮಗ್ಗಲಲ್ಲಿ ಕೂತ ಅತ್ತೆಯ ಕಿವಿಗೆ ಮಾತ್ರ ಆ ನಗು ತಪ್ಪುವುದಿಲ್ಲ.

‘ಯಾಕವಾ, ಯಾರ ಕಡೀಗಿದ್ದೀ ನೀ?’

‘ಹಂಗೇನಿಲ್ರಿ ಅತ್ತಿ. ಈಗ ರೇಡಿಗೆ ಬಂದಿದ್ನಲ್ಲ, ನಮ್ಮ ಕಾಕಾನ ಮಗ.’

‘ನಮ್ಮನಿ ಉಪ್ಪುಂಡು ಅವರಿಗೆ ನಗತೀ ಏನ?’

ಸೊಸೆ ತಲೆ ತಗ್ಗಿಸಿ ಸುಮ್ಮನಾಗುತ್ತಾಳೆ, ಮುಂದಿನ ರೇಡ್ ಬರುವ ತನಕ. ಅತ್ತೆಯ ಸಿಟ್ಟಿಗೆ ಬೇರೆ ಕಾರಣವೂ ಇದೆ. ಅವಳ ತವರು ಮೂರನೆಯ ಊರು, ಆ ತಂಡ ಮೊದಲನೇ ಸುತ್ತಿನಲ್ಲೇ ಸೋತು ಎಂಟು ಗಂಟೆಗೇ ಟ್ರ್ಯಾಕ್ಟರ್ ಹತ್ತಿ ಹೋಗಿತ್ತು.