ಕೆರೆಗೆ ಕಣ್ಣು ಹಾಕಿದ ಕನ್ನಡಕ

ತುರುವೇಕೆರೆ ಕಡೆಯ ಒಂದು ಕೆರೆ. ಹೆಸರು ಬೇಡ. ಬರೆದರೆ ಸುತ್ತಲಿನ ಮೂರು ಊರಿನವರೂ ನಮ್ಮದಲ್ಲ ಅನ್ನುತ್ತಾರೆ, ಹೂಳೆತ್ತಿದ ಬಿಲ್ಲು ಮಂಜೂರಾಗುವ ದಿನ ಮಾತ್ರ ಎಲ್ಲರದೂ ಆಗುತ್ತದೆ. ಬೆಂಗಳೂರಿನಿಂದ ಅಜ್ಜಿ ಮನೆಗೆ ಬಂದಿದ್ದ ಹುಡುಗನೊಬ್ಬ ಫ್ಲೈ ಫಿಶಿಂಗ್ ಗಾಳ ತಂದು, ಬೆಳಿಗ್ಗೆಯಿಂದ ಗಾಳಿಯಲ್ಲಿ ದಾರ ಬೀಸಿ ಬೀಸಿ ದಣಿದು, ಎರಡು ಎಳನೀರು ಕುಡಿದು ತೆಂಗಿನ ಬುಡದಲ್ಲೇ ನಿದ್ದೆ ಹೋಗಿದ್ದ. ತೆಂಗಿನ ಬುಡದಲ್ಲಿ ಮಲಗಬಾರದೆಂದು ಇಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಎದೆಯ ಮೇಲೆ ದಾರದಲ್ಲಿ ನೇತಾಡುತ್ತಿದ್ದ ಕೂಲಿಂಗ್ ಗ್ಲಾಸ್ ಮಾತ್ರ ಎಚ್ಚರವಾಗಿತ್ತು, ಮಾತಿಗೂ ಸಿಕ್ಕಿತು.

ನಾನು: ಮೊದಲು ತಮ್ಮ ಪರಿಚಯ.

ಕನ್ನಡಕ: ಪೋಲರೈಸ್ಡ್ ಅಂತಾರೆ ಸ್ವಾಮಿ. ಬಸ್ ಸ್ಟ್ಯಾಂಡಿನಲ್ಲಿ ಹಲಗೆಗೆ ಸಿಕ್ಕಿಸಿ ನೂರೈವತ್ತು ರೂಪಾಯಿಗೆ ಮಾರ್ತಾರಲ್ಲ, ಅವರು ನಮ್ಮ ಬಳಗ ಅಲ್ಲ. ಬರೀ ಬಣ್ಣದ ಪ್ಲಾಸ್ಟಿಕ್ಕು. ಮದುವೆ ಫೋಟೋಗೆ ಸರಿಹೋಗ್ತಾರೆ.

ನಾನು: ನೋಡಲು ಇಬ್ಬರೂ ಕಪ್ಪೇ.

ಕನ್ನಡಕ: ಅವರು ಬಂದ ಬೆಳಕನ್ನೆಲ್ಲ ಒಂದೇ ಸಮ ಕಮ್ಮಿ ಮಾಡ್ತಾರೆ. ನೀರಿನ ಹೊಳಪೂ ಮಂಕು, ಒಳಗಿನ ಮೀನೂ ಮಂಕು. ನಾನು ಆರಿಸಿ ತಡೀತೀನಿ. ಸೂರ್ಯನ ಬೆಳಕು ಎಲ್ಲ ದಿಕ್ಕಿಗೂ ಕಂಪಿಸ್ತಾ ಬರುತ್ತೆ. ಕೆರೆ ನೀರಿಗೆ ಬಿದ್ದು ಓರೆಯಾಗಿ ಎಗರಿತು ಅನ್ನಿ, ಆಗ ಹೆಚ್ಚಿನ ಪಾಲು ಅಡ್ಡಡ್ಡಲಾಗಿಯೇ ಕಂಪಿಸುತ್ತೆ. ಕಾಯಿ ಕೆಡವೋ ದೋಟಿ ಹಿಡ್ಕೊಂಡು ಬೇಲಿ ಗಂಡಿಯಲ್ಲಿ ನುಗ್ಗಿ ನೋಡಿ: ನೆಟ್ಟಗೆ ಹಿಡಿದ್ರೆ ದಾಟುತ್ತೆ, ಅಡ್ಡ ಹಿಡಿದ್ರೆ ಸಿಕ್ಕಿಕೊಳ್ಳುತ್ತೆ. ನಾನು ಆ ಗಂಡಿ. ಹೊಳಪು ನನ್ನ ಹತ್ತಿರ ಬಂದು ಸಿಕ್ಕಿಕೊಳ್ಳುತ್ತೆ. ನೀರಿನ ಒಳಗಿಂದ ಬಂದ ಬೆಳಕು ಎಲ್ಲ ದಿಕ್ಕಿನದೂ ಇರೋದರಿಂದ ಅದರಲ್ಲಿ ಒಂದು ಪಾಲಾದರೂ ದಾಟಿಕೊಂಡು ಕಣ್ಣಿಗೆ ಹೋಗುತ್ತೆ. ಕೆರೆ ಬಾಗಿಲು ತೆರೆದಂಗೆ.

ನಾನು: ಅಸಲಿಯೋ ನಕಲಿಯೋ ಎಂದು ಕೊಳ್ಳುವವರಿಗೆ ಗೊತ್ತಾಗುವುದು ಹೇಗೆ?

ಕನ್ನಡಕ: ನನ್ನಂಥ ಇಬ್ಬರನ್ನು ಒಬ್ಬರ ಹಿಂದೆ ಒಬ್ಬರು ಇಟ್ಟು, ಒಬ್ಬರನ್ನು ಕಾಲು ಸುತ್ತು ತಿರುಗಿಸಿ. ಕತ್ತಲಾಗಬೇಕು. ಇಬ್ಬರು ಸಿಗಲಿಲ್ಲವೋ, ಮಳಿಗೆಯ ಕ್ಯಾಲ್ಕ್ಯುಲೇಟರಿನ ಪರದೆಯನ್ನು ನನ್ನ ಮೂಲಕ ನೋಡ್ತಾ ನನ್ನನ್ನು ತಿರುಗಿಸಿ. ಒಂದು ಕಡೆ ಅಂಕಿಯೇ ಮಾಯ ಆಗುತ್ತೆ. ಕೊಬ್ಬರಿ ಹರಾಜಿನ ದಿನ ಈ ಪರೀಕ್ಷೆ ಮಾಡಬೇಡಿ, ಎದೆ ಒಡೆಯುತ್ತೆ. ಇನ್ನೊಂದು ಮಾತು. ನೀಲಾತೀತ ಕಿರಣ ತಡೆಯೋದು ಬೇರೆ ಗುಣ, ಅದನ್ನ ಬೇರೆಯಾಗಿಯೇ ಕೇಳಿ ತಗೋಬೇಕು. ಅದಿಲ್ಲದ ಬರೀ ಕಪ್ಪು ಗಾಜು ಹಾಕಿದ್ರೆ ನೆರಳಿದೆ ಅಂತ ಕಣ್ಣಿನ ಪಾಪೆ ಅಗಲ ಆಗಿ, ಬೇಡದ ಕಿರಣ ಇನ್ನೂ ಜಾಸ್ತಿ ಒಳಕ್ಕೆ ಹೋಗುತ್ತೆ.

ನಾನು: ತಮ್ಮ ವಂಶ ದೊಡ್ಡದಿರಬೇಕು.

ಕನ್ನಡಕ: ಸರ್ ಸಿ.ವಿ. ರಾಮನ್ ಹೆಸರು ಕೇಳಿದೀರಲ್ಲ? 1921ರಲ್ಲಿ ಯುರೋಪಿನಿಂದ ‘ನಾರ್ಕುಂಡ’ ಹಡಗಿನಲ್ಲಿ ವಾಪಸ್ ಬರೋವಾಗ ಅವರ ಜೇಬಿನಲ್ಲಿ ನಿಕೋಲ್ ಪ್ರಿಸಂ ಇತ್ತು. ನಮ್ಮ ದೊಡ್ಡಜ್ಜ ಅನ್ನಿ. ಸಮುದ್ರ ನೀಲಿ ಯಾಕೆ ಅಂದ್ರೆ ಆಕಾಶದ ನೀಲಿ ಅದರಲ್ಲಿ ಕಾಣುತ್ತೆ ಅಷ್ಟೇ ಅಂತ ರ‍್ಯಾಲೇ ಸಾಹೇಬರು ಹೇಳಿಬಿಟ್ಟಿದ್ರು. ರಾಮನ್ ಅವರು ಪ್ರಿಸಂ ಕಣ್ಣಿಗೆ ಹಿಡಿದು, ಮೇಲಿನ ಪ್ರತಿಫಲನ ಆರಿಸಿ ನೋಡಿದ್ರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯ್ತು. ನೀರೇ ಬೆಳಕು ಚದುರಿಸ್ತಿದೆ ಅಂತ ಗೊತ್ತಾಯ್ತು. ಅಲ್ಲಿಂದ ಹಿಡಿದ ದಾರಿ 1928ರ ರಾಮನ್ ಪರಿಣಾಮಕ್ಕೆ, 1930ರ ನೊಬೆಲ್‌ಗೆ ಹೋಯ್ತು. ಆಮೇಲೆ ಬೆಂಗಳೂರಿನ ಅವರ ಸಂಸ್ಥೆಯಲ್ಲೇ ಅವರ ಸೋದರಳಿಯ ಪಂಚರತ್ನಂ 1956ರಲ್ಲಿ, ಇಪ್ಪತ್ತೆರಡರ ವಯಸ್ಸಿಗೆ, ನಮ್ಮ ಕುಲದ ಬೆಳಕಿನ ಮೇಲೆ ಬರೆದದ್ದನ್ನ ಲೋಕ ಮೂವತ್ತು ವರ್ಷ ಬಿಟ್ಟು ಓದ್ತು.

ನಾನು: ನಿಕೋಲ್ ಪ್ರಿಸಂ ಹರಳು. ತಾವು ಹಾಳೆ. ಹಾಳೆಯ ಕಡೆಯ ಮೂಲಪುರುಷರು ಯಾರು?

ಕನ್ನಡಕ: ಮುಂದಿನ ಪ್ರಶ್ನೆ.

ನಾನು: ನಾಯಿಯ ಸುದ್ದಿ ಕೇಳಿದ್ದೆ.

ಕನ್ನಡಕ: ಯಾರು ಹೇಳಿದ್ದು? ಸರಿ, ಬರ್ಕೊಳ್ಳಿ. 1852. ಇಂಗ್ಲೆಂಡಿನ ಬ್ರಿಸ್ಟಲ್. ಹೆರಪತ್ ಅನ್ನೋ ಡಾಕ್ಟರ ಶಿಷ್ಯ, ಕ್ವಿನೈನ್ ತಿನ್ನಿಸಿದ್ದ ನಾಯಿಯ ಮೂತ್ರಕ್ಕೆ ಅಯೋಡಿನ್ ಬಿಟ್ಟ. ಹಸಿರು ಹರಳು ಹುಟ್ಟಿದ್ವು. ಒಂದರ ಮೇಲೊಂದು ಅಡ್ಡಲಾಗಿ ಬಿದ್ದ ಕಡೆ ಕತ್ತಲು. ಅಂಥ ಹರಳನ್ನ ಹಾಳೆಯಲ್ಲಿ ಸಾಲಾಗಿ ಮಲಗಿಸೋ ಉಪಾಯ ಮಾಡಿದ್ದು ಅಮೆರಿಕದ ಎಡ್ವಿನ್ ಲ್ಯಾಂಡ್, 1929ರಲ್ಲಿ. ಪೋಲರಾಯ್ಡ್ ಕಂಪನಿ ಕಟ್ಟಿದವನು ಅವನೇ. ಈಗ ಅಯೋಡಿನ್ ಕುಡಿಸಿ ಎಳೆದ ಪ್ಲಾಸ್ಟಿಕ್ ಹಾಳೆ, ನಾಯಿ ಇಲ್ಲ. ಇದನ್ನ ಅಚ್ಚು ಹಾಕ್ತೀರಾ?

ನಾನು: ದಪ್ಪಕ್ಷರದಲ್ಲಿ. ಇರಲಿ, ಫ್ಲೈ ಫಿಶಿಂಗ್‌ಗೆ ತಾವು ಇರಲೇಬೇಕೆನ್ನುತ್ತಾರಲ್ಲ, ನಮ್ಮ ಹುಡುಗರು ಎರೆಹುಳ ಚುಚ್ಚಿ ಬರಿಗಣ್ಣಲ್ಲೇ ಜಿಲೇಬಿ ಮೀನು ಹಿಡಿಯುತ್ತಾರೆ.

ಕನ್ನಡಕ: ಅವರು ಗಾಳ ಬಿಟ್ಟು ಕೂತ್ಕೋತಾರೆ, ಮೀನು ಹುಡುಕ್ಕೊಂಡು ಬರುತ್ತೆ. ಇಲ್ಲಿ ಲೆಕ್ಕ ತಿರುಗು ಮುರುಗು. ಕೊಕ್ಕೆಗೆ ಪುಕ್ಕ, ನೂಲು ಸುತ್ತಿ ನೊಣದಂಗೆ ಮಾಡಿರ್ತಾರೆ. ಅದಕ್ಕೆ ತೂಕವೇ ಇಲ್ಲ. ದಾರದ ತೂಕದಲ್ಲೇ ಬೀಸಿ, ಮೀನಿನ ಮುಂದೆ ಹಗುರಾಗಿ ಇಳಿಸ್ಬೇಕು. ಮೀನು ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಅಂತ ಕಾಣದೆ ಎಲ್ಲಿ ಇಳಿಸ್ತೀರಿ? ಅದಕ್ಕೆ ನಾನು. ಇನ್ನೊಂದು, ಬೀಸಿದ ಕೊಕ್ಕೆ ಪ್ರತಿ ಸಲವೂ ಬೀಸಿದವನ ಕಿವಿ ಪಕ್ಕದಲ್ಲೇ ಹಾದು ಹೋಗುತ್ತೆ. ಮೀನು ಸಿಗದಿದ್ರೂ ಕಣ್ಣು ಉಳೀತು ಅನ್ನೋದು ಸಣ್ಣ ಲಾಭ ಅಲ್ಲ. ನನ್ನ ಯಜಮಾನ ಇವತ್ತು ಹಿಡಿದದ್ದು ಎರಡೇ: ಒಂದು ಜಾಲಿ ಗಿಡ, ಒಂದು ತನ್ನದೇ ಟೋಪಿ.

ನಾನು: ಈ ವಿದ್ಯೆ ಕರ್ನಾಟಕಕ್ಕೆ ಹೊಸದೇ?

ಕನ್ನಡಕ: ಗಾಳದ ಮೋಜು ಹೊಸದೇನಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲೇ ಹಿಂದೂಸ್ತಾನದ ಗಾಳದ ಬಗ್ಗೆ ಪುಸ್ತಕ ಬರೆದ. ನಿಮ್ಮ ಕಾಡುಕೋಳಿಯ ಕತ್ತಿನ ಪುಕ್ಕ ವಿಲಾಯಿತಿಗೆ ಹೋಗಿ ಅಲ್ಲಿನ ಸಾಹೇಬರ ನೊಣ ಆಗ್ತಿತ್ತು. ಈಗ ಕಾಡುಕೋಳಿ ಮುಟ್ಟಿದ್ರೆ ಕೇಸು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದ್ರು, ಐವತ್ನಾಲ್ಕು ಕೆ.ಜಿ. ಚಿಲ್ಲರೆ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗೆ ಇಂಗ್ಲೆಂಡಿನಿಂದ ವಿಮಾನ ಹತ್ತಿ ಬರೋರು. ಬಂದು ಕೊಕ್ಕೆಗೆ ಏನು ಹಾಕ್ತಿದ್ರು ಹೇಳಿ?

ನಾನು: ಪುಕ್ಕದ ನೊಣ?

ಕನ್ನಡಕ: ರಾಗಿಮುದ್ದೆ! ಸಾವಿರಾರು ಪೌಂಡು ಖರ್ಚು ಮಾಡಿ ಬಂದವನು ಹೊಳೆ ದಡದಲ್ಲಿ ಮುದ್ದೆ ಉಂಡೆ ಕಟ್ಟೋನು. ನುಂಗೋ ವಿಷಯದಲ್ಲಿ ಮಹಶೀರೂ ಹಳೇ ಮೈಸೂರಿನದೇ. ಆ ಗೂನುಬೆನ್ನಿನ ಮಹಶೀರ್‌ಗೆ ಟಾರ್ ರೆಮದೇವಿ ಅನ್ನೋ ಶಾಸ್ತ್ರೀಯ ಹೆಸರು ಖಚಿತವಾಗಿ ಸಿಕ್ಕಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಕಾವೇರಿ ದಡದ ವನ್ಯಜೀವಿ ಧಾಮದೊಳಗೆ ಮೋಜಿನ ಗಾಳ ನಿಂತೂ ಹೋಯ್ತು. ನನ್ನ ಯಜಮಾನ ಈ ಕೆರೆಗೆ ಬಂದದ್ದು ಅದಕ್ಕೇ.

ನಾನು: ಇಲ್ಲಿ ಮೀನು ಹಿಡಿಯಲು ಗುತ್ತಿಗೆದಾರನ ಒಪ್ಪಿಗೆ ಬೇಕು.

ಕನ್ನಡಕ: ಅದನ್ನ ಅವನು ಎದ್ದ ಮೇಲೆ ಹೇಳಿ. ನಾನು ಬೆಳಿಗ್ಗೆ ಕಂಡದ್ದು ಹೇಳ್ತೀನಿ. ಕೋಡಿ ಹತ್ತಿರ ಜೊಂಡಿನ ಪಕ್ಕ ಕೊರವ ಮೀನಿನ ಮರಿ, ಕೆಂಪು ಕೆಂಪಗೆ ಒಂದು ಗುಂಪು, ನೀರಿನ ಮೇಲೆ ಜಿನುಗು ಮಳೆ ಬಿದ್ದಂಗೆ ಕುದೀತಿತ್ತು. ಬರಿಗಣ್ಣಿಗೆ ಅಷ್ಟೇ. ನನ್ನ ಮೂಲಕ ನೋಡಿದ್ರೆ ಕೆಳಗೆ ಅಪ್ಪ ಅಮ್ಮ ಇಬ್ಬರೂ ಕಾವಲು. ಹುಡುಗ ಕೊಕ್ಕೆ ಎತ್ತಿದ, ಆಮೇಲೆ ಇಳಿಸಿದ. ಕಾವಲಿನವರನ್ನ ಹಿಡಿದ್ರೆ ಮರಿಗಳು ಜಿಲೇಬಿ ಮೀನಿನ ಪಾಲು. ಅಷ್ಟು ಬುದ್ಧಿ ಇದೆ ಅವನಿಗೆ, ತೆಂಗಿನ ಬುಡದ ವಿಷಯ ಒಂದು ಬಿಟ್ಟು.

ನಾನು: ಅಂದರೆ ತಮ್ಮನ್ನು ಹಾಕಿಕೊಂಡರೆ ಕೆರೆಯೆಲ್ಲ ಅಂಗೈ ಮೇಲೆ.

ಕನ್ನಡಕ: ಅಂಗಡಿಯವನು ಹಾಗೆ ಹೇಳ್ತಾನೆ. ನನಗೂ ಒಂದು ಕೋನ ಇದೆ ಸ್ವಾಮಿ. 1815ರಲ್ಲಿ ಬ್ರೂಸ್ಟರ್ ಲೆಕ್ಕ ಹಾಕಿದ್ದು. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದ್ರೆ ಹೊಳಪು ಪೂರಾ ನನ್ನ ಕೈಗೆ ಸಿಗುತ್ತೆ. ನೀರಂಚಿಗೆ ನಿಂತವನಿಗೆ ಏಳೆಂಟು ಅಡಿ ದೂರದ ನೀರು ಚೆನ್ನಾಗಿ ಬಿಚ್ಚಿಕೊಳ್ಳುತ್ತೆ. ಕಣ್ಣು ನೀರಿಗಿಂತ ಇಪ್ಪತ್ತು ಅಡಿ ಎತ್ತರ ಇರೋ ಹಾಗೆ ಏರಿ ಮೇಲೆ ನಿಂತ್ರೆ ಇಪ್ಪತ್ತೈದಾರು ಅಡಿ ದೂರದ್ದು. ನೆತ್ತಿ ಬಗ್ಗಿಸಿ ನೆಟ್ಟಗೆ ಕೆಳಗೆ ನೋಡಿದ್ರೆ ನನ್ನಿಂದ ಏನೂ ಉಪಯೋಗ ಇಲ್ಲ. ಮುಖ್ಯವಾದದ್ದು, ತಲೆ ನೆಟ್ಟಗಿರಬೇಕು. ಪಕ್ಕಕ್ಕೆ ವಾಲಿಸಿದ್ರೆ ನಿಂತಿದ್ದ ಹೊಳಪು ಮತ್ತೆ ಒಳಕ್ಕೆ ನುಗ್ಗುತ್ತೆ. ಯಾರ ಮಾತಿಗೂ ತಲೆ ಆಡಿಸೋ ಅಭ್ಯಾಸ ಇದ್ದವರಿಗೆ ನಾನು ದಂಡ.

ನಾನು: ಕೆಂಪು ನೀರಿದ್ದರೆ?

ಕನ್ನಡಕ: ಹೇಮಾವತಿ ನಾಲೆಯ ಹೊಸ ನೀರು ಮಣ್ಣು ಹೊತ್ತು ಬಂತು ಅನ್ನಿ, ನಾನೂ ಒಂದೇ, ಬಸ್ ಸ್ಟ್ಯಾಂಡಿನವನೂ ಒಂದೇ. ಮೇಲಿನ ಹೊಳಪು ತೆಗೀತೀನಿ, ಒಳಗಿನ ಕದಡು ತೆಗೆಯೋಕೆ ನನ್ನಿಂದ ಆಗಲ್ಲ. ತಾಮ್ರದ ಬಣ್ಣದ ಗಾಜಾದ್ರೆ ಸ್ವಲ್ಪ ಎದ್ದು ಕಾಣುತ್ತೆ, ಅಷ್ಟೇ. ಕೊಬ್ಬರಿ ಮಂಡಿಯಲ್ಲೂ ನನ್ನ ಆಟ ನಡೆಯಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಉಂಡೆ ಬಿಟ್ಟಿದೆಯೋ ಇಲ್ಲವೋ ಅಂತ ನಿಮ್ಮೂರಿನ ಅಜ್ಜಿ ಕಿವಿ ಹತ್ರ ಅಲ್ಲಾಡಿಸಿ ಹೇಳ್ತಾರೆ. ಆ ವಿದ್ಯೆ ಕಣ್ಣಿನದಲ್ಲ.

ನಾನು: ಏರೋಪ್ಲೇನ್ ಚಿಟ್ಟೆಗಳು ಕಾರಿನ ಮೇಲೆ ಮೊಟ್ಟೆ ಇಡುವುದು ಕಂಡಿದ್ದೇನೆ. ಅದಕ್ಕೂ ತಮಗೂ ಏನು ಸಂಬಂಧ?

ಕನ್ನಡಕ: ಅವಕ್ಕೆ ಹುಟ್ಟಿನಿಂದಲೇ ಅಡ್ಡ ಕಂಪಿಸೋ ಬೆಳಕು ಗೊತ್ತಾಗುತ್ತೆ. ಅಂಥ ಬೆಳಕು ಕಂಡ ಕಡೆ ನೀರಿದೆ ಅಂತ ಲೆಕ್ಕ. ಲಕ್ಷಾಂತರ ವರ್ಷ ಆ ಲೆಕ್ಕ ತಪ್ಪಿರಲಿಲ್ಲ. ಈಗ ಕಪ್ಪು ಕಾರು, ಡಾಂಬರು, ನಯ ಮಾಡಿದ ಕರಿಕಲ್ಲು, ಸೋಲಾರ್ ಹಲಗೆ ಎಲ್ಲವೂ ಕೆರೆಗಿಂತ ಚೆನ್ನಾಗಿ ಹೊಳೀತವೆ. ಪಾಪ, ಮೋಸ ಹೋಗ್ತವೆ. ಹೊಳಪು ನೋಡಿ ಇಲ್ಲಿ ನೀರಿದೆ ಅಂತ ನಂಬೋದು ಹುಳಗಳು ಮಾತ್ರ ಅಲ್ಲ ಬಿಡಿ.

ನಾನು: ಅರ್ಥವಾಗಲಿಲ್ಲ.

ಕನ್ನಡಕ: ಈ ಕೆರೆಯನ್ನೇ ನೋಡಿ. ಮಧ್ಯಾಹ್ನದ ಬಿಸಿಲಲ್ಲಿ ಏರಿ ಮೇಲೆ ನಿಂತು ಯಾರು ಫೋಟೋ ತೆಗೆದ್ರೂ ತುಂಬಿದ ಕೆರೆ, ತೆಂಗಿನ ನೆರಳು, ಮೋಡ. ಅದೇ ಜಾಗದಲ್ಲಿ ನನ್ನನ್ನ ಹಾಕ್ಕೊಂಡ ಹುಡುಗ ಕೂಗಿದ, ‘ಅಜ್ಜಿ, ಇದೇನು, ಮೊಣಕಾಲುದ್ದ ನೀರು!’ ಕೆಳಗೆ ಹೂಳು. ಹೂಳಿನ ಮೇಲೆ ಪ್ಲಾಸ್ಟಿಕ್ ಚೀಲ, ಹಳೇ ಮೋಟರಿನ ಪೈಪು, ಎಳನೀರು ಬುರುಡೆ, ಗಣಪತಿಯ ಒಂದು ಕಿವಿ.

ನಾನು: ಹೂಳೆತ್ತಿ ಆಗಿದೆಯೆಂದು ಫಲಕವಿದೆ.

ಕನ್ನಡಕ: ಫಲಕ ಚೆನ್ನಾಗಿ ಹೊಳೀತಿದೆ. ಅದನ್ನೂ ನೋಡಿದೆ.

ನಾನು: ಅಧಿಕಾರಿಗಳನ್ನು ಕೇಳಿದ್ದೇನೆ. ಅವರು ಕೊಟ್ಟ ಉತ್ತರ ವೈಜ್ಞಾನಿಕವಾಗಿಯೇ ಇದೆ. ನೀರಿನೊಳಗಿನ ವಸ್ತು ಇರುವುದಕ್ಕಿಂತ ಮೇಲಿದ್ದಂತೆ ಕಾಣುತ್ತದೆ, ವಕ್ರೀಭವನ, ಹಾಗಾಗಿ ಹೂಳು ನಿಜಕ್ಕೂ ಬಹಳ ಕೆಳಗಿದೆ ಎಂದರು.

ಕನ್ನಡಕ: ಆಹಾ! ಹತ್ತನೇ ಕ್ಲಾಸಿನ ಪಾಠ ಕೆಲಸಕ್ಕೆ ಬಂತು. ಸುಳ್ಳಲ್ಲ ಸ್ವಾಮಿ. ಮೇಲಿಂದ ನೋಡಿದ್ರೆ ನಾಲ್ಕಡಿ ಆಳದ ಮೀನು ಮೂರಡಿಯಲ್ಲಿದ್ದಂಗೆ ಕಾಣುತ್ತೆ, ಓರೆಯಾಗಿ ನೋಡಿದ್ರೆ ಇನ್ನೂ ಮೇಲೆ. ಅದನ್ನ ಸರಿಮಾಡೋ ಶಕ್ತಿ ನನಗಿಲ್ಲ, ಗಾಳದವನು ಕೈಯಳತೆಯಲ್ಲೇ ಕಲೀಬೇಕು. ಆದ್ರೆ ಎಮ್ಮೆ ನಡುಕೆರೆಯಲ್ಲಿ ನಿಂತಿದೆ ನೋಡಿ. ಅದರ ಹೊಟ್ಟೆಗೆ ನೀರು ಮುಟ್ಟಿಲ್ಲ. ಎಮ್ಮೆಗೆ ವಕ್ರೀಭವನ ಇಲ್ಲ.

ನಾನು: ಊರಿನವರು ತಮ್ಮ ಬಗ್ಗೆ ಏನನ್ನುತ್ತಾರೆ?

ಕನ್ನಡಕ: ಮೊದಲ ದಿನ ಎಲ್ಲರೂ ಹಾಕ್ಕೊಂಡು ನೋಡಿದ್ರು. ಹುಡುಗರು ಮೀನು ನೋಡಿದ್ರು. ಅಜ್ಜಿ ಗರಿಗಳ ಹೊಳಪು ಹೋಗಿ ತೋಟ ಕಡು ಹಸಿರಾದದ್ದು ನೋಡಿ, ಕಪ್ಪುತಲೆ ಹುಳು ತಿಂದ ಒಂದು ಮರ ಗುರುತು ಹಿಡಿದ್ರು. ಹೂಳೆತ್ತೋ ಕಾಮಗಾರಿಯ ಗುತ್ತಿಗೆದಾರ ಹಾಕ್ಕೊಂಡ, ಕೆರೆ ಕಡೆ ತಿರುಗಿದ, ತಕ್ಷಣ ತೆಗೆದ. ‘ಇದು ಕಣ್ಣಿಗೆ ಒಳ್ಳೇದಲ್ಲ ಕಣಪ್ಪಾ, ಊರಲ್ಲಿ ಯಾರಿಗೂ ಕೊಡಬೇಡ’ ಅಂದ. ಮರುದಿನ ಬಸ್ ಸ್ಟ್ಯಾಂಡಿನ ಸಾದಾ ಕಪ್ಪು ಗಾಜು ಒಂದು ಡಜನ್ ತರಿಸಿ ಯುವಕ ಸಂಘಕ್ಕೆ ಉಚಿತವಾಗಿ ಹಂಚಿದ. ಸನ್ಮಾನವೂ ಆಯ್ತು.

ನಾನು: ಕೊನೆಯ ಪ್ರಶ್ನೆ. ಕೆರೆ ಕಾಮಗಾರಿ ಪರಿಶೀಲಿಸುವ ಸಮಿತಿ ಮಾಡಿ ತಮ್ಮನ್ನೇ ಸದಸ್ಯರನ್ನಾಗಿ ಕರೆದರೆ ಹೋಗುತ್ತೀರಾ?

ಕನ್ನಡಕ: ಕರೀತಾರೆ, ಖಂಡಿತ ಕರೀತಾರೆ. ಜೀಪು ಬೆಳಿಗ್ಗೆ ಹತ್ತಕ್ಕೆ ಬರುತ್ತೆ ಅಂತಾರೆ. ತಿಪಟೂರಲ್ಲಿ ತಿಂಡಿ, ತುರುವೇಕೆರೆಯಲ್ಲಿ ದೇವಸ್ಥಾನ, ಯಾರದೋ ತೋಟದಲ್ಲಿ ಎಳನೀರು, ಊಟ, ಎಲೆ ಅಡಿಕೆ. ಕೆರೆ ಹತ್ತಿರ ಬರೋ ಹೊತ್ತಿಗೆ ಸೂರ್ಯ ಮುಳುಗಿರುತ್ತೆ. ಕತ್ತಲಲ್ಲಿ ನಾನು ಬರೀ ಕರಿ ಗಾಜು, ಇದ್ದದ್ದೂ ಕಾಣಿಸಲ್ಲ. ‘ಸದಸ್ಯರಿಗೆ ಯಾವ ಲೋಪವೂ ಕಂಡುಬರಲಿಲ್ಲ’ ಅಂತ ವರದಿ ಬರೀತಾರೆ, ಅದು ನಿಜವೇ ಆಗಿರುತ್ತೆ. ಭತ್ಯೆ ಎಷ್ಟು ಕೊಡ್ತಾರಂತೆ, ವಿಚಾರಿಸಿದ್ರಾ?