ಡೈನಮೋ ಮೀಮಾಂಸೆ
ಅಥವಾ ಕೃಷ್ಣಾ–ದೂಧಗಂಗಾ ಸೀಮೆಯ ಹಳೆಯ ಅಂಬಾಸಿಡರ್‌ಗಳಲ್ಲಿ ಚಾರ್ಜಿಂಗ್ ಬಾರದಿರುವಿಕೆಯ ತಾತ್ತ್ವಿಕ ವಿವೇಚನೆ

ಪೀಠಿಕೆ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿಲ್ಲ. ವಿಷವೇರಿದವನಿಗೆ ಮಂಗರಾಜನ ಖಗೇಂದ್ರಮಣಿದರ್ಪಣವಿದೆ. ದನಕ್ಕೆ ಕೀರ್ತಿವರ್ಮನ ಗೋವೈದ್ಯ, ಕುದುರೆಗೆ ಅಭಿನವಚಂದ್ರನ ಅಶ್ವಶಾಸ್ತ್ರ, ಹಸಿದವನಿಗೆ ಮೂರನೆಯ ಮಂಗರಸನ ಸೂಪಶಾಸ್ತ್ರ. ಆದರೆ ಬೆಳಿಗ್ಗೆ ಆರು ಗಂಟೆಗೆ ಚಾವಿ ತಿರುವಿದಾಗ ‘ಟಕ್’ ಅಂದು ಸುಮ್ಮನಾಗುವ ಅಂಬಾಸಿಡರಿಗೆ ಯಾವ ಪೂರ್ವಾಚಾರ್ಯರೂ ಒಂದು ಕಂದಪದ್ಯವನ್ನಾದರೂ ಬರೆದಿಟ್ಟಿಲ್ಲ. ಸಾವಿರ ವರ್ಷದ ಸಾಹಿತ್ಯಚರಿತ್ರೆಯ ಈ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ.

ಅಧ್ಯಯನದ ವ್ಯಾಪ್ತಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಸಕ್ಕರೆ ಕಾರ್ಖಾನೆಯ ಚೇರ್ಮನ್ನರೂ ತಂಬಾಕಿನ ವ್ಯಾಪಾರಿಗಳೂ ಬಿಳಿ ಅಂಬಾಸಿಡರಿನಲ್ಲಿ ಓಡಾಡಿದ ಸೀಮೆಯಿದು. ಉತ್ತರಪಾರಾದ ಹಿಂದೂಸ್ಥಾನ್ ಮೋಟರ್ಸ್ 2014ರಲ್ಲಿ ಈ ಕಾರಿನ ತಯಾರಿಕೆ ನಿಲ್ಲಿಸಿತು. ಆ ಸುದ್ದಿಗೆ ಇಲ್ಲಿ ಯಾರೂ ಮೋರೆ ತಿರುವಿ ನೋಡಲಿಲ್ಲ. ಕಬ್ಬಿನ ಗದ್ದೆಯ ಬದಿಯ ತಗಡಿನ ಶೆಡ್ಡಿನಲ್ಲಿ, ಹಳೆಯ ಪಂಪ್‌ಸೆಟ್ಟು ಮತ್ತು ಗೊಬ್ಬರದ ಚೀಲಗಳ ನಡುವೆ, ಅಜ್ಜನ ಕಾಲದ ಗಾಡಿ ಇನ್ನೂ ನಿಂತೇ ಇರುತ್ತದೆ. ಮಾರುವುದಿಲ್ಲ, ಓಡಿಸುವುದೂ ಇಲ್ಲ. ಮದುವೆ ಬಂದಾಗ, ಇಲ್ಲವೇ ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟಾಗ, ಅದರ ನೆನಪಾಗುತ್ತದೆ. ಶಾಸ್ತ್ರಜಿಜ್ಞಾಸೆ ಆರಂಭವಾಗುವುದೇ ಆ ಮುಂಜಾನೆ.

ಅಧ್ಯಾಯ ಒಂದು: ಮೂಲಪಾಠ ಮತ್ತು ಪ್ರಕ್ಷಿಪ್ತಗಳು

ವಾಯರಿಂಗನ್ನು ಮಿಸ್ತ್ರಿಗಳು ರಿಪೇರಿಯ ವಸ್ತು ಎಂದು ಭಾವಿಸಿದ್ದಾರೆ. ಅದು ತಪ್ಪು. ವಾಯರಿಂಗ್ ಒಂದು ಹಸ್ತಪ್ರತಿ.

ಇದರ ಮೂಲಕರ್ತೃ ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿಯ ಸಂಪ್ರದಾಯದವನು. ಭಾರತದಲ್ಲಿ 1961ರಿಂದ ಲೂಕಾಸ್–ಟಿವಿಎಸ್ ಶಾಖೆ. ಸಂಸ್ಥಾಪಕ ಜೋಸೆಫ್ ಲೂಕಾಸ್ ದೀಪ ಮಾರಿ ಬೆಳೆದ ಮನುಷ್ಯ. ಅವನನ್ನೇ ಇಂಗ್ಲೆಂಡಿನ ಡ್ರೈವರುಗಳು ‘ಕತ್ತಲೆಯ ಯುವರಾಜ’ ಎಂದು ಕರೆದರು. ಇದು ಅನ್ಯಾಯ. ಮೂಲಪಾಠ ಬಲು ಶುದ್ಧವಾಗಿತ್ತು: ಬ್ಯಾಟರಿಯಿಂದ ನೇರ ಬರುವುದು ಕಂದು, ಚಾವಿ ತಿರುವಿದ ಮೇಲೆ ಜೀವ ಬರುವುದು ಬಿಳಿ, ಅದೇ ಫ್ಯೂಜ್ ದಾಟಿದರೆ ಹಸಿರು, ಹೆಡ್‌ಲೈಟಿಗೆ ನೀಲಿ, ಹಿಂದಿನ ದೀಪಕ್ಕೆ ಕೆಂಪು, ಬಾಡಿಗೆ ಕಟ್ಟುವುದು ಕಪ್ಪು. ಪಂಪನ ಛಂದಸ್ಸಿನಷ್ಟೇ ಕಟ್ಟುನಿಟ್ಟು.

ಆಮೇಲೆ ಲಿಪಿಕಾರರು ಬಂದರು. ಮೊದಲ ಪ್ರಕ್ಷೇಪ ನಿಪ್ಪಾಣಿಯಲ್ಲಿ ಸೇರಿದ್ದು: ಹಾರ್ನಿಗೆ ಜೋರು ಸಾಲದೆಂದು ಎರಡನೆಯ ಹಾರ್ನು, ಅದಕ್ಕೊಂದು ಕೆಂಪು ವಾಯರು. ಎರಡನೆಯದು ಮೀರಜಿನ ಪಾಠಾಂತರ: ಟೇಪ್ ರೆಕಾರ್ಡರು, ಕೆಂಪು ವಾಯರು. ಮೂರನೆಯವನು ಟ್ರ್ಯಾಕ್ಟರಿನ ಡೆಕ್ ಕೂರಿಸುವುದರಲ್ಲಿ ಹೆಸರುವಾಸಿ. ಕಬ್ಬಿನ ಹಂಗಾಮಿನಲ್ಲಿ ರಾತ್ರಿಯಿಡೀ ಹಾಡು ಕಿರುಚುತ್ತ ಹೋಗುವ ಟ್ರ್ಯಾಕ್ಟರುಗಳು ಅವನ ಕೃತಿಗಳು. ಆ ಟ್ರೇಲರುಗಳಿಗೆ ಹಿಂದೆ ಒಂದು ದೀಪವಿರುವುದಿಲ್ಲ, ಆದರೆ ಸ್ಪೀಕರು ನಾಲ್ಕಿರುತ್ತವೆ. ಅವನು ಅಂಬಾಸಿಡರಿನಲ್ಲಿ ಫ್ಯೂಜನ್ನೇ ಕಿತ್ತು, ಸಿಗರೇಟು ಪಾಕೀಟಿನ ಬೆಳ್ಳಿಕಾಗದ ಸುತ್ತಿ ಇಟ್ಟ. ಎಲ್ಲರ ವಾಯರೂ ಕೆಂಪೇ, ಯಾಕೆಂದರೆ ಅಂಗಡಿಯ ಸುರುಳಿ ಅದೊಂದೇ ಇತ್ತು. ಹೀಗಾಗಿ ಇಂದು ಬಾನೆಟ್ಟು ಎತ್ತಿದರೆ ಮೂಲಕವಿಯ ಮಾತು ಯಾವುದು, ನಂತರ ಸೇರಿದ್ದು ಯಾವುದು ಎಂದು ಹೇಳಲು ಸಾಲದು ಪಾಂಡಿತ್ಯ, ಟೆಸ್ಟ್ ಲ್ಯಾಂಪು ಬೇಕು.

ಹಸ್ತಪ್ರತಿಗೆ ಹುಳು ಬೀಳುವಂತೆ ಇದಕ್ಕೆ ಹೆಗ್ಗಣ ಬೀಳುತ್ತದೆ. ನೆರೆ ಇನ್ನೊಂದು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೊಳೆಸಾಲಿನ ಊರುಗಳಿಗೆ ನುಗ್ಗಿದಾಗ ದನಕರು ಬಿಡಿಸಿಕೊಂಡು ಹೋದವರು ಶೆಡ್ಡಿನ ಕಾರನ್ನು ತಳ್ಳಿಕೊಂಡು ಹೋಗಲಾರದೆ ಬಿಟ್ಟರು. ನೀರು ಇಳಿದ ಮೇಲೆ ಸೀಟು ಒಣಗಿತು, ಎಂಜಿನ್ ಆಯಿಲ್ ಬದಲಾಯಿತು. ವಾಯರಿನ ತುದಿಯ ಹಿತ್ತಾಳೆ ಚಿಮುಟಿಗಳೊಳಗೆ ಹಸಿರು ಕಿಲುಬು ಮಾತ್ರ ಸದ್ದಿಲ್ಲದೆ ಬೆಳೆಯಿತು. ಹೊರಗೆ ನೋಡಿದರೆ ವಾಯರು ಸರಿಯಿದೆ, ಎಳೆದರೆ ಕೈಗೆ ಬರುತ್ತದೆ. ಒಳಗಿನ ತಾಮ್ರ ಕಪ್ಪು ಪುಡಿ. ಗ್ರಂಥಸಂಪಾದಕರು ಇದನ್ನು ‘ತ್ರುಟಿತ’ ಎನ್ನುತ್ತಾರೆ, ಮಿಸ್ತ್ರಿಗಳು ‘ಲೂಜ್’ ಎನ್ನುತ್ತಾರೆ.

ಅಧ್ಯಾಯ ಎರಡು: ಪ್ರಮಾಣ ವಿಚಾರ

ಚಾರ್ಜಿಂಗ್ ಬರುತ್ತಿದೆಯೋ ಇಲ್ಲವೋ ಎಂಬ ಜ್ಞಾನ ಹೇಗೆ ಉಂಟಾಗುತ್ತದೆ? ಇಲ್ಲಿ ದರ್ಶನಕಾರರಲ್ಲಿ ಮತಭೇದವಿದೆ.

ಚಾರ್ವಾಕ ಮಿಸ್ತ್ರಿಗೆ ಪ್ರತ್ಯಕ್ಷವೊಂದೇ ಪ್ರಮಾಣ. ಬ್ಯಾಟರಿಯ ಮೇಲೆ ಪಾನಾ ಅಡ್ಡ ಇಟ್ಟು ಕಿಡಿ ಹಾರಿಸಿ, “ನೋಡ್ರಿ, ಎಷ್ಟ ಕರೆಂಟ್ ಐತಿ!” ಎನ್ನುತ್ತಾನೆ. ಎಂಜಿನ್ ಓಡುವಾಗ ಬ್ಯಾಟರಿಯ ವಾಯರು ಕಿತ್ತು, ಗಾಡಿ ಬಂದ್ ಆಗದಿದ್ದರೆ ಡೈನಮೋ ಚಲೋ ಎಂದು ತೀರ್ಪು ಕೊಡುವವನೂ ಇವನೇ. ಡೈನಮೋ ಇದನ್ನು ಹೇಗೋ ಸಹಿಸೀತು. ಆಲ್ಟರ್ನೇಟರ್ ಹಾಕಿಸಿಕೊಂಡ ಗಾಡಿಯಲ್ಲಿ ಈ ಪ್ರಯೋಗ ಮಾಡಿದರೆ ಒಳಗಿನ ಡಯೋಡುಗಳು ಮೋಕ್ಷ ಪಡೆಯುತ್ತವೆ. ಈ ಪಂಥದವರು ಬ್ಯಾಟರಿಯ ಮುಚ್ಚಳ ತೆಗೆದು, ತುಟಿಯಲ್ಲಿ ನಿಪ್ಪಾಣಿ ತಂಬಾಕಿನ ಬೀಡಿ ಹಿಡಿದು ಆ್ಯಸಿಡ್ ಎಷ್ಟಿದೆಯೆಂದು ಬಗ್ಗಿ ನೋಡುವುದುಂಟು. ಚಾರ್ಜಾಗುವ ಬ್ಯಾಟರಿ ಬಿಡುವುದು ಹೈಡ್ರೋಜನ್. ಪುನರ್ಜನ್ಮವನ್ನು ಒಪ್ಪದವರಿಗೆ ಇಷ್ಟು ಧೈರ್ಯ ಸಲ್ಲದು.

ಶಬ್ದಪ್ರಮಾಣ ಎಂದರೆ ಆಪ್ತವಾಕ್ಯ. ಕಟ್ಟೆಯ ಮೇಲೆ ಕೂತ ಆಪ್ತರಲ್ಲಿ ಒಬ್ಬರು ಬ್ಯಾಟರಿ ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು ಡೈನಮೋ ರಿವೈಂಡಿಂಗ್ ಮಾಡಿಸಿ ಎನ್ನುತ್ತಾರೆ, ಮೂರನೆಯವರು ಕಟೌಟ್ ಬದಲಿಸಿ ಎನ್ನುತ್ತಾರೆ. ಮೂರೂ ಕೊಲ್ಹಾಪುರದಲ್ಲಿ ಸಿಗುತ್ತವೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಈ ಸೀಮೆಯಲ್ಲಿ ಅಂಗಡಿಯಲ್ಲಿ ಸಿಗುವ ಸಾಮಾನು ಮಾತ್ರ ಕೆಡುತ್ತದೆ. ಈ ಸೂತ್ರ ಮುಂದೆ ನಮ್ಮ ಸಿದ್ಧಾಂತಕ್ಕೆ ಬೇಕಾಗುತ್ತದೆ.

ಮೀಮಾಂಸಕರ ಅರ್ಥಾಪತ್ತಿಗೆ ಬರೋಣ. ದಪ್ಪಗಿರುವ ದೇವದತ್ತ ಹಗಲು ಊಟ ಮಾಡುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು. ಎಲ್ಲ ಶಾಸ್ತ್ರದಲ್ಲೂ ಬರುವ ಈ ದೇವದತ್ತನ ತಿರುವುಮುರುವು ರೂಪ ನಮ್ಮ ಬ್ಯಾಟರಿ. ಅಥಣಿಯಿಂದ ಉಗಾರದವರೆಗೆ ಹಗಲೆಲ್ಲ ಓಡಿ ಹೊಟ್ಟೆತುಂಬ ಉಂಡದ್ದು ಬೆಳಗಾಗುವಷ್ಟರಲ್ಲಿ ಬಡಕಲಾಗಿರುತ್ತದೆ. ಆದ್ದರಿಂದ ರಾತ್ರಿ ಇನ್ಯಾರೋ ಅದನ್ನು ಉಣ್ಣುತ್ತಿದ್ದಾರೆ. ಯಾರು? ಬ್ಯಾಟರಿಯ ಅರ್ಥಿಂಗ್ ವಾಯರು ಬಿಚ್ಚಿ, ಕಂಬಕ್ಕೂ ವಾಯರಿಗೂ ನಡುವೆ ಒಂದು 12 ವೋಲ್ಟಿನ ಬಲ್ಬು ಹಿಡಿಯಿರಿ. ಚಾವಿ ಬಂದ್ ಇದ್ದರೂ ಬಲ್ಬು ಉರಿದರೆ ಕಳ್ಳ ಮನೆಯಲ್ಲೇ ಇದ್ದಾನೆ. ಒಂದೊಂದೇ ವಾಯರು ಬಿಚ್ಚುತ್ತ ಹೋಗಿ, ಯಾವುದನ್ನು ತೆಗೆದಾಗ ಬಲ್ಬು ಆರುತ್ತದೋ ಅವನೇ ದೇವದತ್ತ.

ಈ ಗಾಡಿಗಳಲ್ಲಿ ಬಹಳ ಸಲ ಸಿಕ್ಕಿಬೀಳುವವನು ಕಟೌಟ್. ಡೈನಮೋ ಸುಮಾರು 13 ವೋಲ್ಟಿಗೆ ಏರಿದಾಗ ಬಾಗಿಲು ತೆರೆದು ಬ್ಯಾಟರಿಗೆ ಕರೆಂಟು ಬಿಡುವುದು, ಎಂಜಿನ್ ನಿಂತಾಗ ಬಾಗಿಲು ಹಾಕುವುದು ಇದರ ಧರ್ಮ. ಪಾಯಿಂಟು ಸುಟ್ಟು ಅಂಟಿಕೊಂಡರೆ ಬಾಗಿಲು ಮುಚ್ಚುವುದೇ ಇಲ್ಲ. ಹಗಲು ಡೈನಮೋ ಕೊಟ್ಟದ್ದನ್ನು ರಾತ್ರಿ ಬ್ಯಾಟರಿ ಡೈನಮೋಗೇ ವಾಪಸು ಕೊಡುತ್ತದೆ, ವಾಯರು ಬಿಸಿಯಾಗುತ್ತದೆ. ರಾಜ್ಯಗಳ ಗಡಿಗೆ 1967ರಲ್ಲಿ ಮಹಾಜನ ವರದಿ ಬಂತು. ಡೈನಮೋ–ಬ್ಯಾಟರಿ ಗಡಿಗೆ ಈ ಎರಡು ಪುಟ್ಟ ಪಾಯಿಂಟುಗಳೇ ಆಯೋಗ. ನುಣುಪು ಪಾಲಿಶ್ ಕಾಗದದಲ್ಲಿ ಉಜ್ಜಿದರೆ ಅದು ಮತ್ತೆ ನಿಷ್ಪಕ್ಷಪಾತವಾಗುವ ಸಾಧ್ಯತೆಯಿದೆ.

ಕೊನೆಯದು ಅನುಪಲಬ್ಧಿ, ಅಂದರೆ ಇಲ್ಲದಿರುವುದರಿಂದಲೇ ತಿಳಿಯುವುದು. ಇದರ ಸಾಕಾರರೂಪ ಡ್ಯಾಶ್‌ಬೋರ್ಡಿನ ಕೆಂಪು ದೀಪ. ಅದರ ಒಂದು ತುದಿ ಚಾವಿಯ ಮೂಲಕ ಬ್ಯಾಟರಿಗೆ, ಇನ್ನೊಂದು ತುದಿ ಡೈನಮೋಗೆ. ಎರಡೂ ಕಡೆ ಒತ್ತಡ ಸಮವಾದಾಗ ನಡುವಿನ ದೀಪಕ್ಕೆ ಕೆಲಸವಿಲ್ಲ, ಆರುತ್ತದೆ. ಆರಿದರೆ ಚಾರ್ಜಿಂಗ್ ಇದೆ ಎಂದು ತಿಳಿಯಬೇಕು. ಚಾವಿ ತಿರುವಿದಾಗ ಹತ್ತದೇ ಹೋದರೆ ಬಲ್ಬು ಹೋಗಿರಬೇಕು. ಹೀಗೆ ಒಂದೇ ಕತ್ತಲೆಗೆ ಸಂದರ್ಭಾನುಸಾರ ಎರಡು ಫಲ. ಈ ಸೂಕ್ಷ್ಮ ಗ್ಯಾರೇಜಿನಲ್ಲಿ ಇನ್ನೂ ಪ್ರಚಾರಕ್ಕೆ ಬರಬೇಕಾಗಿದೆ.

ಅಧ್ಯಾಯ ಮೂರು: ವಾಸನಾವಾದ

ಡೈನಮೋದೊಳಗೆ ಕಾಯಂ ಅಯಸ್ಕಾಂತವಿಲ್ಲ. ಹಾಗಾದರೆ ಮೊದಲ ಕರೆಂಟು ಎಲ್ಲಿಂದ? ಹಿಂದಿನ ಸಲ ಓಡಿದಾಗ ಕಬ್ಬಿಣದಲ್ಲಿ ಉಳಿದ ಅಯಸ್ಕಾಂತದ ಅಲ್ಪ ವಾಸನೆಯಿಂದ. ಅದರಿಂದ ಒಂದೆರಡು ವೋಲ್ಟು ಹುಟ್ಟುತ್ತದೆ, ಆ ವೋಲ್ಟು ಫೀಲ್ಡ್ ಸುರುಳಿಗೆ ಹೋಗಿ ಅಯಸ್ಕಾಂತವನ್ನು ಬಲಪಡಿಸುತ್ತದೆ, ಅದರಿಂದ ಇನ್ನಷ್ಟು. ಪೂರ್ವಜನ್ಮಸಂಸ್ಕಾರದ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಯಾವ ಮಠವೂ ಒದಗಿಸಿಲ್ಲ.

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಈ ವಾಸನೆ ಅಳಿಯಬಹುದು. ಬ್ಯಾಟರಿಯನ್ನು ತಿರುವುಮುರುವಾಗಿ ಜೋಡಿಸಿದರೆ ವಾಸನೆಯೂ ತಿರುಗಿಬೀಳಬಹುದು. ಇಂಗ್ಲೆಂಡಿನ ಹಳೆಯ ಲೂಕಾಸ್ ಪದ್ಧತಿ ಪ್ಲಸ್ಸನ್ನೇ ಬಾಡಿಗೆ ಕಟ್ಟುತ್ತಿತ್ತು. 1960ರ ದಶಕದಲ್ಲಿ ಮನಸ್ಸು ಬದಲಿಸಿ ಮೈನಸ್ಸಿಗೆ ಬಂದಿತು. ಮತಾಂತರಗೊಂಡ ಡೈನಮೋಗೆ ದೀಕ್ಷೆ ಕೊಡಲೇಬೇಕು. ವಿಧಿ ಸರಳ: ಸಣ್ಣ ಟರ್ಮಿನಲ್ಲಾದ ‘ಎಫ್’ನಿಂದ ವಾಯರು ಬಿಚ್ಚಿ, ಬ್ಯಾಟರಿಯ ಜೀವಂತ ತುದಿಯಿಂದ ತಂದ ವಾಯರನ್ನು ಅದಕ್ಕೆ ಕ್ಷಣಮಾತ್ರ ಮುಟ್ಟಿಸಿ ತೆಗೆಯುವುದು. ಸಣ್ಣ ಕಿಡಿ. ದೀಕ್ಷೆ ಮುಗಿಯಿತು. ದಕ್ಷಿಣೆ ಮಿಸ್ತ್ರಿಯ ಇಚ್ಛೆಗೆ ಬಿಟ್ಟದ್ದು, ಅದು ದೊಡ್ಡದೇ ಇರುತ್ತದೆ.

ಅಧ್ಯಾಯ ನಾಲ್ಕು: ಧಕ್ಕಾಮಾರ್ಗ

ನಾಲ್ಕು ಜನ ಹಿಂದೆ ನಿಂತು ನೂಕುವುದು. ಇದು ಕರ್ಮಯೋಗ. ತವಂದಿ ಘಾಟಿನ ಇಳಿಜಾರಿನಲ್ಲಿ ಒಬ್ಬನೇ ಸಾಧಿಸಬಹುದು. ಜ್ಞಾನ ಲಭಿಸುವುದಿಲ್ಲ, ಊರು ತಲುಪಬಹುದು.

ಅಧ್ಯಾಯ ಐದು: ಸಿದ್ಧಾಂತ

ಚಿಕ್ಕೋಡಿ ತಾಲ್ಲೂಕಿನ ಒಂದು ಶೆಡ್ಡಿನಲ್ಲಿದ್ದ ಗಾಡಿಯೊಂದು ನಮ್ಮ ಮುಖ್ಯ ಆಕರ. ಬ್ಯಾಟರಿ ಹೊಸದು. ಡೈನಮೋ ರಿವೈಂಡ್ ಆಗಿತ್ತು. ಕಟೌಟ್ ಬದಲಾಗಿತ್ತು. ಚಾವಿ ತಿರುವಿದರೆ ಸ್ಟಾರ್ಟರು ನರಳಿ ನಿಲ್ಲುತ್ತಿತ್ತು. ನೂಕಿ ಚಾಲೂ ಮಾಡಿದರೆ ಕೆಂಪು ದೀಪ ಆರದೆ ಮಿಣುಕುತ್ತಿತ್ತು. ಸಾಹುಕಾರರು ಪೂಜೆಯನ್ನೂ ಮಾಡಿಸಿದ್ದರು. ಬಾನೆಟ್ಟಿನ ಮೇಲೆ ಕುಂಕುಮ ಇನ್ನೂ ಇತ್ತು.

ವಯಸ್ಸಾದ ಮಿಸ್ತ್ರಿಯೊಬ್ಬ ಬಂದ. ಏನನ್ನೂ ಬಿಚ್ಚಲಿಲ್ಲ. ಚೋಕಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, “ತಮ್ಮಾ, ಒಂದ ಸಲ ಚಾವಿ ತಿರುವು” ಅಂದ. ಹುಡುಗ ತಿರುವಿದ. ಮಿಸ್ತ್ರಿ ಬೆರಳು ಕಿತ್ತುಕೊಂಡ.

“ಯಾಕ್ರಿ ಕಾಕಾ?”

“ಸುಡಾಕತ್ತೈತಿ. ಚೋಕ್ ಕೇಬಲ್ನ್ಯಾಗ ಕರೆಂಟ್ ಹೊಂಟೈತಿ.”

ಹೊಗೆಯಿಂದ ಬೆಂಕಿಯನ್ನು ಊಹಿಸಿದ ನೈಯಾಯಿಕನೂ ಬೆಟ್ಟವನ್ನು ಹೀಗೆ ಬೆರಳಿಂದ ಮುಟ್ಟಿ ನೋಡಿರಲಿಲ್ಲ. ವಿವರಣೆ ಹೀಗೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗುಗಳ ಮೇಲೆ, ರಬ್ಬರು ಕರೆಂಟು ಬಿಡುವುದಿಲ್ಲ. ಬ್ಯಾಟರಿಯ ಒಂದು ತುದಿಯನ್ನು ಬಾಡಿಗೆ ಕಟ್ಟಿದ್ದಾರೆ. ಡೈನಮೋ ಮತ್ತು ಸ್ಟಾರ್ಟರು ಎಂಜಿನ್ನಿಗೆ ಬಿಗಿದಿವೆ. ಬಾಡಿಗೂ ಎಂಜಿನ್ನಿಗೂ ಸಂಬಂಧ ಕಲ್ಪಿಸುವುದು ಜಡೆಯಂತೆ ಹೆಣೆದ ತಾಮ್ರದ ಒಂದು ಗೇಣು ಪಟ್ಟಿ ಮಾತ್ರ. ಯಾವತ್ತೋ ಕ್ಲಚ್ಚಿನ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದವರು ಅದನ್ನು ಬಿಚ್ಚಿದ್ದಾರೆ, ಮತ್ತೆ ಹಾಕಿಲ್ಲ. ದಾರಿ ತಪ್ಪಿದ ಕರೆಂಟು ಚೋಕ್ ಕೇಬಲ್ಲು, ಆ್ಯಕ್ಸಿಲರೇಟರ್ ಕೇಬಲ್ಲುಗಳ ಬಳಸುದಾರಿ ಹಿಡಿದು ತಿರುಗುತ್ತಿತ್ತು. ಸ್ಟಾರ್ಟರಿಗೆ ಅದು ಸಾಲದು. ಡೈನಮೋ ಕೊಟ್ಟದ್ದೂ ಬ್ಯಾಟರಿಗೆ ಪೂರಾ ಮುಟ್ಟದು. ಬೆರಳು ಸುಟ್ಟುಕೊಳ್ಳಲು ಒಪ್ಪದವರು ಮೀಟರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಬ್ಯಾಟರಿಯ ಅರ್ಥಿಂಗ್ ಕಂಬಕ್ಕೂ ಹಿಡಿದು ಸ್ಟಾರ್ಟರು ತಿರುವಿಸಲಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಸಿದ್ಧಾಂತ ಸಿದ್ಧಿಸಿತು.

ಇಷ್ಟು ವರ್ಷ ಇದು ಯಾರಿಗೂ ಹೊಳೆಯಲಿಲ್ಲವೇಕೆ? ಎರಡನೆಯ ಅಧ್ಯಾಯದ ಸೂತ್ರ ಇಲ್ಲಿ ಅನ್ವಯಿಸುತ್ತದೆ. ಇಲ್ಲದ ಪಟ್ಟಿ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬಿದ್ದರೂ ಅದಕ್ಕಾಗಿ ಕೊಲ್ಹಾಪುರಕ್ಕೆ ಹೋಗಿಬರುವಷ್ಟು ಘನತೆ ಅದಕ್ಕಿಲ್ಲ.

ಮಿಸ್ತ್ರಿ ಹಳೆಯ ಟ್ರ್ಯಾಕ್ಟರಿನದೊಂದು ಪಟ್ಟಿ ತರಿಸಿದ. ಬಾಡಿಯ ಮೇಲೆ ಬೋಲ್ಟು ಕೂರುವ ಜಾಗದ ಬಣ್ಣ, ತುಕ್ಕು, ಎಣ್ಣೆಜಿಡ್ಡು ಎಲ್ಲವನ್ನೂ ಬಿಳಿ ಕಬ್ಬಿಣ ಕಾಣುವ ತನಕ ಕೆರೆದ. ಎಂಜಿನ್ ಕಡೆಯೂ ಹಾಗೇ. ಪಾನಾದಿಂದ ಬಿಗಿದು, ಮೇಲೆ ಒಂದಿಷ್ಟು ಗ್ರೀಸ್ ಬಳಿದ. “ಹಾಂ, ಈಗ ಹಚ್ಚು” ಅಂದ. ಎಂಜಿನ್ ಅರ್ಧ ಸುತ್ತಿಗೇ ಹತ್ತಿಕೊಂಡಿತು. ಹುಡುಗ ತುಸು ರೇಸ್ ಕೊಟ್ಟ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಪೂರ್ತಿ ಆರಿತು.

ಸಾಹುಕಾರರು ಕಿಟಕಿಯಿಂದ ಬಗ್ಗಿ ನೋಡಿದರು. ಅವರ ಮುಖ ಇಳಿಯಿತು.

“ಮಿಸ್ತ್ರಿ, ಬಲ್ಬ್ ಹೋತಲ್ಲೋ!” ಅಂದರು. ಜೇಬಿನಿಂದ ಐವತ್ತರ ನೋಟು ತೆಗೆದು ಹುಡುಗನ ಕೈಗಿಟ್ಟು, ಹೊಸದೊಂದು ತರಲು ಅವನನ್ನು ಚಿಕ್ಕೋಡಿಗೆ ಓಡಿಸಿದರು.