ನಲವತ್ತಕ್ಕೆ ರಿಟೈರ್ಡು

ಉಬ್ರಾಣಿ ಹೋಬಳಿಯ ಹಳ್ಳಿಗಳಲ್ಲಿ ‘ರಿಟೈರ್ಡು’ ಅನ್ನಿಸಿಕೊಳ್ಳಬೇಕಾದರೆ ಅರವತ್ತು ತುಂಬಿರಬೇಕು, ಮೇಷ್ಟ್ರೋ ಕಂಡಕ್ಟರೋ ಆಗಿದ್ದಿರಬೇಕು, ಸೊಸೈಟಿ ಕಟ್ಟೆಯ ಮೇಲೆ ಕೂತು ಪೇಪರನ್ನು ಕೊನೇ ಪುಟದಿಂದ ಓದುವ ಅಭ್ಯಾಸವಿರಬೇಕು. ಈಗ ಇಪ್ಪತ್ತೇಳರ ಹುಡುಗನೊಬ್ಬನಿಗೂ ಊರವರು ಅದೇ ಹೆಸರಿಟ್ಟಿದ್ದಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಕೈತುಂಬ ಸಂಬಳ, ನಲವತ್ತಕ್ಕೆ ಎಲ್ಲ ಬಿಟ್ಟು ಬರುತ್ತೇನೆಂಬ ಶಪಥ. ಇಂಥವರು ಹೊನ್ನಾಳಿಗೊಬ್ಬ, ನ್ಯಾಮತಿಗೊಬ್ಬ, ಜಗಳೂರಿಗೊಬ್ಬ ಸಿಗುತ್ತಾರೆ. ದೂರದಿಂದಲೇ ಗುರುತು ಹಿಡಿಯಬಹುದು. ಟೀಶರ್ಟು ಕಂಪನಿ ಕೊಟ್ಟಿದ್ದು, ಬ್ಯಾಗು ಹಳೇ ಕಂಪನಿ ಕೊಟ್ಟಿದ್ದು, ನೀರಿನ ಬಾಟಲಿ ಯಾವುದೋ ಸಮ್ಮೇಳನದಲ್ಲಿ ಸಿಕ್ಕಿದ್ದು. ದುಡ್ಡು ಕೊಟ್ಟು ತಂದದ್ದು ಕಾಲಲ್ಲಿರುವ ಹವಾಯಿ ಚಪ್ಪಲಿ ಮಾತ್ರ. ಅದಕ್ಕೂ ಒಂದು ಸಲ ಉಂಗುಷ್ಟ ಬದಲಾಗಿದೆ.

ಅವನ ಮತದ ಹೆಸರು ‘ಫೈರ್’. ಹಣಕಾಸಿನ ಸ್ವಾತಂತ್ರ್ಯ ಗಳಿಸಿ ಬೇಗ ನಿವೃತ್ತನಾಗುವುದು ಅದರ ಸಾರ. ಮತ ಅಂದಮೇಲೆ ಗ್ರಂಥ ಬೇಕಲ್ಲ, ಅದೂ ಇದೆ: ವಿಕಿ ರಾಬಿನ್ ಮತ್ತು ಜೋ ಡೊಮಿಂಗ್ವೆಜ್ 1992ರಲ್ಲಿ ಹೊರತಂದ ‘ಯುವರ್ ಮನಿ ಆರ್ ಯುವರ್ ಲೈಫ್’. ಹುಡುಗ ಅದನ್ನು ಗೆಳೆಯನಿಂದ ಕಡ ತಂದು ಓದಿದ್ದಾನೆ. ಸೂತ್ರವೂ ಇದೆ. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಲೆಕ್ಕ ಹಾಕಿ, ಕೂಡಿಟ್ಟ ಗಂಟಿನಲ್ಲಿ ಮೊದಲ ವರ್ಷ ನೂರಕ್ಕೆ ನಾಲ್ಕರಷ್ಟು ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಷ್ಟು ಹೆಚ್ಚಿಸಿಕೊಂಡು ಹೋದರೂ ಮೂವತ್ತು ವರ್ಷ ಗಂಟು ಕರಗದು ಎಂದ. ಅದನ್ನು ತಿರುಗಿಸಿ ಹೇಳಿದರೆ, ವರ್ಷದ ಖರ್ಚಿನ ಇಪ್ಪತ್ತೈದು ಪಟ್ಟು ಕೂಡಿಟ್ಟವನು ಗೆದ್ದ. ಹುಡುಗನ ಖರ್ಚು ತಿಂಗಳಿಗೆ 12,000. ವರ್ಷಕ್ಕೆ 1,44,000, ಅದರ ಇಪ್ಪತ್ತೈದು ಪಟ್ಟು 36 ಲಕ್ಷ. ಈ 36 ಲಕ್ಷವೇ ಅವನ ಮಂತ್ರ. ನಿದ್ದೆಯಲ್ಲಿ ತಟ್ಟಿ ಎಬ್ಬಿಸಿದರೂ ಹೇಳುತ್ತಾನೆ.

ಅಂಥವನ ಜೊತೆ ಚಹಾ ಕುಡಿಯುವುದು ಒಂದು ಶಿಕ್ಷೆ. ಚನ್ನಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಹಳೇ ಸಹಪಾಠಿ ಸಿಕ್ಕಿ, “ಬಾರೋ, ಚಹಾ ಕುಡಿಯೋಣ” ಅಂದ. ಇವನು ಗ್ಲಾಸು ಮುಟ್ಟುವ ಮೊದಲೇ ಶುರು ಹಚ್ಚಿಕೊಂಡ. “ದಿನಕ್ಕೆರಡು ಚಹಾ, ಮೂವತ್ತು ರೂಪಾಯಿ. ತಿಂಗಳಿಗೆ ಒಂಬೈನೂರು. ಅದನ್ನೇ ಮ್ಯೂಚುವಲ್ ಫಂಡಿನ ಎಸ್‌ಐಪಿಗೆ ಹಾಕಿದ್ರೆ, ಹನ್ನೆರಡು ಪರ್ಸೆಂಟ್ ಬಂತು ಅಂತಿಟ್ಕೋ, ಇಪ್ಪತ್ತು ವರ್ಷಕ್ಕೆ ಒಂಬತ್ತು ಲಕ್ಷ ಆಗುತ್ತೆ ಗೊತ್ತಾ?” ಲೆಕ್ಕ ಸರಿಯೇ ಇದೆ. ಆದರೆ ಅಷ್ಟರಲ್ಲಿ ಚಹಾ ಆರಿತ್ತು. ಸಹಪಾಠಿ ಮರುಮಾತಾಡದೆ ಇಬ್ಬರದ್ದೂ ದುಡ್ಡು ಕೊಟ್ಟು ಎದ್ದ. ಹುಡುಗ ಮೊಬೈಲ್ ತೆಗೆದು ಆವತ್ತಿನ ಚಹಾ ಖರ್ಚಿನ ಮುಂದೆ ಸೊನ್ನೆ ಬರೆದುಕೊಂಡ.

ಬೆಂಗಳೂರಿನಲ್ಲಿ ಅವನ ದಿನಚರಿ ವ್ರತದಂತೆ ನಡೆಯುತ್ತದೆ. ಬೆಳಿಗ್ಗೆ ಇಂದಿರಾ ಕ್ಯಾಂಟೀನು. 2017ರಲ್ಲಿ ಶುರುವಾದಾಗ ಅಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು, ಇವನು ಆವತ್ತಿನಿಂದ ಅದಕ್ಕಿಂತ ಒಳ್ಳೆಯ ಹೋಟೆಲ್ಲೇ ಕಂಡಿಲ್ಲ. ರೂಮಿನಲ್ಲಿ ಗೃಹಜ್ಯೋತಿ. 200 ಯೂನಿಟ್‌ವರೆಗೆ ಕರೆಂಟು ಬಿಟ್ಟಿ ಅಂತ ರೂಮ್‌ಮೇಟ್ ಫ್ಯಾನು ತಿರುಗಿಸಿ ಮಲಗಿದರೆ ಇವನಿಗೆ ನಿದ್ದೆ ಬರದು. ಹಿಂದಿನ ಬಳಕೆಯ ಸರಾಸರಿಯ ಮೇಲೆ ಸ್ವಲ್ಪ ಮಾತ್ರ ಹೆಚ್ಚುವರಿ, ಅದನ್ನು ಮೀರಿದ್ದಕ್ಕೆ ಬಿಲ್ಲು ಅನ್ನುವುದು ಅವನಿಗೆ ಬಾಯಿಪಾಠ. ಮಧ್ಯರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಮೀಟರ್ ನೋಡಿ ಬರುತ್ತಾನೆ. ಆ ಮೊಬೈಲು ಚಾರ್ಜ್ ಆಗುವುದು ಆಫೀಸಿನಲ್ಲಿ.

ಅವನಿಗೆ ಸರ್ಕಾರದ ಮೇಲಿರುವ ಒಂದೇ ಸಿಟ್ಟು ಶಕ್ತಿ ಯೋಜನೆಯದು. 2023ರ ಜೂನ್ 11ರಿಂದ ಹೆಂಗಸರಿಗೆ ಕೆಂಪು ಬಸ್ಸು ಪುಕ್ಕಟೆಯಾಯಿತು, ಗಂಡಾಗಿ ಹುಟ್ಟಿದ ತಪ್ಪಿಗೆ ಇವನು ಟಿಕೆಟ್ ತೆಗೆಯಬೇಕು. ಆದರೆ ಅದಕ್ಕೂ ದಾರಿ ಕಂಡುಕೊಂಡ: ತಾನು ಊರಿಗೆ ಹೋಗುವ ಬದಲು ಅಮ್ಮನೇ ಬರಲಿ. ಅಮ್ಮ ಬರುತ್ತಾಳೆ. ಕೈಯಲ್ಲಿ ಸೊನ್ನೆ ಟಿಕೆಟ್ಟು, ಕಾಲಡಿಯಲ್ಲಿ ಅಕ್ಕಿಚೀಲ, ತೊಡೆಯ ಮೇಲೆ ಶೇಂಗಾ ಚಟ್ನಿಪುಡಿ, ಒಣಕೊಬ್ಬರಿ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಆ ತಿಂಗಳ ದಿನಸಿ ಕಲಂನಲ್ಲೂ ಸೊನ್ನೆ. “ನೋಡಮ್ಮ, ಮಿತವಾಗಿ ಬದುಕಿದ್ರೆ ಎಷ್ಟು ಉಳಿಯುತ್ತೆ” ಅಂತ ಅವಳಿಗೇ ಪಾಠ ಹೇಳುತ್ತಾನೆ. ಟೂತ್‌ಪೇಸ್ಟ್ ಟ್ಯೂಬನ್ನು ಕತ್ತರಿಸಿ ಒಳಗಿನದ್ದನ್ನು ಬಳಿಯುವ ಆ ಹೆಂಗಸು ತಲೆಯಾಡಿಸಿ ಕೇಳುತ್ತಾಳೆ.

ಅಪ್ಪನ ಹತ್ತಿರ ಈ ಪಾಠ ನಡೆಯುವುದಿಲ್ಲ. ಅವರದು ಅಡಿಕೆ ತೋಟ. ಸಸಿ ನೆಟ್ಟು ಐದಾರು ವರ್ಷ ಫಸಲಿಗೆ ಕಾದವರು, ರಾಶಿ ಅಡಿಕೆಯ ರೇಟು ಏರಿದ್ದನ್ನೂ ಬಿದ್ದದ್ದನ್ನೂ ಬಿಪಿ ಮಾತ್ರೆ ಇಲ್ಲದೆ ನೋಡಿದವರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಚನ್ನಗಿರಿ ಸೀಮೆಯ ತೋಟದವರು ಟ್ಯಾಂಕರಿನಲ್ಲಿ ನೀರು ಹೊಡೆಸುತ್ತಿದ್ದಾಗ ಅವರೂ ಮಗನಿಗೆ ಫೋನು ಮಾಡಿದರು.

“ಅಪ್ಪಾಜಿ, ಇರೋದು ಎಮರ್ಜೆನ್ಸಿ ಫಂಡು. ಅದನ್ನ ಮುಟ್ಟಂಗಿಲ್ಲ.”

“ತೋಟ ಒಣಗ್ತಾ ಐತೆ ಕಣೋ. ಇನ್ಯಾವುದೋ ನಿನ್ನ ಎಮರ್ಜೆನ್ಸಿ?”

ಹುಡುಗ ಕೊಟ್ಟ, ಇಲ್ಲವೆನ್ನಬಾರದು. ಆದರೆ ಅದನ್ನು ಖರ್ಚಿಗೆ ಬರೆಯದೆ ‘ಕೃಷಿಯಲ್ಲಿ ಹೂಡಿಕೆ’ ಎಂದು ಬರೆದುಕೊಂಡ.

ಅಜ್ಜಿಯದು ಇನ್ನೊಂದು ತಕರಾರು. ಅವಳಿಗೆ ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ಗೊತ್ತು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ಯಾಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದವಳು ಲಕ್ಕಮ್ಮ. ಮೊಮ್ಮಗ ಇಪ್ಪತ್ತೈದು ಪಟ್ಟಿನ ಸೂತ್ರ ಬಿಡಿಸಿ ಹೇಳಿದಾಗ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಅಂದಳು: “ಲಕ್ಕಮ್ಮ ಇದ್ದಿದ್ರೆ ಇಪ್ಪತ್ನಾಲ್ಕು ಪಾಲು ಅಲ್ಲೇ ಸುರಿದು ಬಾ ಅಂತಿದ್ಲು.”

ಹೆಣ್ಣು ನೋಡಲು ಹೋದಾಗಲೂ ಹೀಗೇ ಆಯಿತು. “ಮುಂದಿನ ಯೋಜನೆ ಏನಪ್ಪಾ?” ಅಂತ ಹೆಣ್ಣಿನ ತಂದೆ ಕೇಳಿದರು. ಹುಡುಗ ಹೆಮ್ಮೆಯಿಂದ, “ನಲವತ್ತಕ್ಕೆ ಕೆಲಸ ಬಿಡ್ತೀನಿ” ಅಂದ. ಕೇಸರಿಬಾತ್ ತಟ್ಟೆ ಅಡುಗೆಮನೆ ಬಾಗಿಲಲ್ಲೇ ನಿಂತಿತು.

ನಗುವುದು ಸುಲಭ, ಆದರೆ ಹುಡುಗ ದಡ್ಡನಲ್ಲ. ಅವನ ಓರಗೆಯವರು ಮೊಬೈಲಿಗೊಂದು, ಬೈಕಿಗೊಂದು ಇಎಂಐ ಕಟ್ಟುತ್ತಾ, ತಿಂಗಳ ಇಪ್ಪತ್ತನೇ ತಾರೀಕಿಗೆ ಇವನ ಹತ್ತಿರವೇ ಕೈಸಾಲಕ್ಕೆ ಬರುತ್ತಾರೆ. ಇವನಿಗೆ ಕ್ರೆಡಿಟ್ ಕಾರ್ಡಿನ ಬಾಕಿಯಿಲ್ಲ, ಪಿಪಿಎಫ್‌ಗೆ ವರ್ಷದ ಮಿತಿ 1.5 ಲಕ್ಷವನ್ನು ಏಪ್ರಿಲ್ ಐದರೊಳಗೆ ಹಾಕಿ ಮುಗಿಸುತ್ತಾನೆ. ತಪ್ಪಿರುವುದು ಬೇರೆ ಕಡೆ. ಬೆಂಗೆನ್ ಲೆಕ್ಕ ಹಾಕಿದ್ದು ಅಮೆರಿಕದ ಷೇರು, ಅಮೆರಿಕದ ಸಾಲಪತ್ರ ಹಿಡಿದು, ಮೂವತ್ತು ವರ್ಷಕ್ಕೆ. ನಲವತ್ತಕ್ಕೆ ಮನೆಗೆ ಬರುವವನು ಐವತ್ತು ವರ್ಷ ಉಣ್ಣಬೇಕಾದೀತು. ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಖರ್ಚು ಎರಡರಷ್ಟು, ಅಂದರೆ ಅವನು ಮೂವತ್ತೊಂಬತ್ತಕ್ಕೆ ಬರುವಾಗ 36 ಲಕ್ಷದ ಗುರಿ 72 ಲಕ್ಷಕ್ಕೆ ಸರಿದಿರುತ್ತದೆ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಅದರ ಕಲಂ ಅವನ ಖರ್ಚಿನ ಶೀಟಿನಲ್ಲಿ ಇನ್ನೂ ತೆರೆದಿಲ್ಲ.

ಈ ಪಂಥದವರು ಗುರುವೆಂದು ಕೈಮುಗಿಯುವ ಹೆನ್ರಿ ಡೇವಿಡ್ ಥೋರೋ 1845ರಲ್ಲಿ ವಾಲ್ಡನ್ ಕೊಳದ ದಡದಲ್ಲಿ ಗುಡಿಸಲು ಕಟ್ಟಿ, ಅದಕ್ಕೆ 28 ಡಾಲರ್ 12½ ಸೆಂಟ್ ಖರ್ಚಾಯಿತೆಂದು ಪುಸ್ತಕದಲ್ಲಿ ಪೈಸೆಪೈಸೆ ಲೆಕ್ಕ ಬರೆದ. ಆ ಲೆಕ್ಕದಲ್ಲಿ ಜಾಗದ ಬೆಲೆ ಇಲ್ಲ. ಜಾಗ ಗೆಳೆಯ ಎಮರ್ಸನ್‌ನದು. ನಮ್ಮ ಹುಡುಗನ ಶೀಟಿನಲ್ಲೂ ಅದೇ ಆಗಿದೆ. ಅಮ್ಮನ ಅಕ್ಕಿ, ಸಹಪಾಠಿಯ ಚಹಾ, ಆಫೀಸಿನ ಕರೆಂಟು ಯಾವ ಕಲಂನಲ್ಲೂ ಇಲ್ಲ. ಅವನ್ನೆಲ್ಲ ಸೇರಿಸಿ ತಿಂಗಳಿಗೆ 18,000 ಅಂತ ಹಿಡಿದರೆ ಇವತ್ತಿನ ಲೆಕ್ಕದಲ್ಲೇ ಗುರಿ 54 ಲಕ್ಷ.

ನಿಮ್ಮ ಮನೆಯಲ್ಲೂ ಇಂಥವನಿದ್ದರೆ ಅವನ ಉಳಿತಾಯವನ್ನು ಹಂಗಿಸಬೇಡಿ, ಆ ಬುದ್ಧಿ ಎಲ್ಲರಿಗೂ ಬರುವುದಿಲ್ಲ. ಮುಂದಿನ ಅಕ್ಕಿಚೀಲದ ಜೊತೆ ಒಂದು ಬಿಲ್ಲು ಮಾತ್ರ ಇಟ್ಟು ಕಳಿಸಿ. ಯುಪಿಐ ಅಮ್ಮನ ಫೋನಿನಲ್ಲೂ ಇದೆ.